ನೆಗ್ರಿ ಕಂಡ ಚುಕ್ಕೆ

ಕೇಳುಗರೆಲ್ಲರಿಗೂ ನಮಸ್ಕಾರ.

1903ರಲ್ಲಿ ಇಟಲಿಯ ಪಾವಿಯಾ ನಗರದಲ್ಲಿ, ಕಮಿಲೊ ಗಾಲ್ಜಿಯವರ ಪ್ರಯೋಗಾಲಯದಲ್ಲಿ, ಇನ್ನೂ ಮೂವತ್ತು ದಾಟದ ಒಬ್ಬ ತರುಣ ವೈದ್ಯ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದ. ಹೆಸರು ಅಡೆಲ್ಕಿ ನೆಗ್ರಿ. ಅವನ ಮುಂದಿದ್ದದ್ದು ರೇಬೀಸ್‌ನಿಂದ ಸತ್ತ ಪ್ರಾಣಿಗಳ ಮಿದುಳಿನ ತೆಳು ಪದರಗಳು. ಬಣ್ಣ ಹಾಕಿದ ಆ ನರಕೋಶಗಳ ಒಳಗೆ ಅವನಿಗೆ ದುಂಡನೆಯ ಚುಕ್ಕೆಗಳು ಕಂಡವು. ಆರೋಗ್ಯವಂತ ಮಿದುಳಲ್ಲಿ ಅವು ಇರಲಿಲ್ಲ. ಸಿಕ್ಕಿತು ಎಂದುಕೊಂಡ ನೆಗ್ರಿ. ಇದೇ ರೇಬೀಸ್ ತರುವ ಜೀವಿ, ಏಕಕೋಶದ ಒಂದು ಪರೋಪಜೀವಿ ಎಂದು ಸಾರಿದ.

ಅದು ತಪ್ಪಾಗಿತ್ತು. ಅದೇ ವರ್ಷ ಕಾನ್‌ಸ್ಟಾಂಟಿನೋಪಲ್‌ನಲ್ಲಿ ರೆಮ್ಲಾಂಜೆ ಮತ್ತು ರಿಫಾತ್ ಬೇ ಎಂಬಿಬ್ಬರು, ರೇಬೀಸ್ ತರುವ ವಸ್ತು ಬ್ಯಾಕ್ಟೀರಿಯಾ ಕೂಡ ನುಸುಳಲಾರದ ಸೋಸುಕದ ಮೂಲಕ ಹಾದುಹೋಗುತ್ತದೆ ಎಂದು ತೋರಿಸಿದರು. ನೆಗ್ರಿಯ ಚುಕ್ಕೆಗಳಾದರೋ ಸಾಧಾರಣ ಸೂಕ್ಷ್ಮದರ್ಶಕಕ್ಕೇ ಕಾಣುವಷ್ಟು ದೊಡ್ಡವು. ಆದರೂ ಆ ಚುಕ್ಕೆ ಕೆಲಸಕ್ಕೆ ಬಂತು. 1950ರ ದಶಕದ ಕೊನೆಯಲ್ಲಿ ಫ್ಲೋರೆಸೆಂಟ್ ಪ್ರತಿಕಾಯದ ಪರೀಕ್ಷೆ ಬರುವ ತನಕ, ಸತ್ತ ನಾಯಿಗೆ ರೇಬೀಸ್ ಇತ್ತೋ ಇಲ್ಲವೋ ಎಂದು ತೀರ್ಮಾನಿಸುತ್ತಿದ್ದದ್ದು ಈ ‘ನೆಗ್ರಿ ಕಾಯ’ಗಳನ್ನು ಹುಡುಕಿಯೇ. ಅದು ಏನು ಎಂದು ಮಾತ್ರ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಗೊತ್ತಾದದ್ದು 2017ರಲ್ಲಿ, ಫ್ರಾನ್ಸ್‌ನ ಸಂಶೋಧಕರಿಂದ. ಉತ್ತರ ವಿಚಿತ್ರವಾಗಿತ್ತು. ನೆಗ್ರಿ ಕಾಯ ಜೀವಿಯಲ್ಲ, ಹರಳಲ್ಲ, ಕೋಶದೊಳಗೆ ಬಿದ್ದ ಕಸದ ಗಂಟೂ ಅಲ್ಲ. ಅದು ಒಂದು ಹನಿ. ನೀರಿನ ಹನಿ ಎನ್ನುತ್ತೇವಲ್ಲ, ಅದೇ ಅರ್ಥದಲ್ಲಿ ಹನಿ.

ಇದನ್ನು ಒಪ್ಪಲು ಮೊದಲು ಮನಸ್ಸು ಹಿಂಜರಿಯುತ್ತದೆ. ಜೀವಕೋಶದ ಒಳಗೆಲ್ಲ ಇರುವುದು ನೀರೇ ತಾನೇ? ನೀರಿನೊಳಗೆ ಇನ್ನೊಂದು ದ್ರವದ ಹನಿ ಕರಗದೆ ನಿಲ್ಲುವುದು ಹೇಗೆ? ನಿಲ್ಲುತ್ತದೆ. ಎಣ್ಣೆ ನೀರಿನಲ್ಲಿ ನಿಲ್ಲುವುದಿಲ್ಲವೇ? ಎಣ್ಣೆಯ ಅಣುಗಳಿಗೆ ನೀರಿನ ಸಹವಾಸಕ್ಕಿಂತ ತಮ್ಮವರ ಸಹವಾಸವೇ ಹೆಚ್ಚು ಹಿತ. ಕೆಲವು ಪ್ರೋಟೀನುಗಳದ್ದೂ ಸುಮಾರಾಗಿ ಇದೇ ಸ್ವಭಾವ. ಒಂದು ವ್ಯತ್ಯಾಸವಿದೆ: ಪ್ರೋಟೀನಿನ ಹನಿಯೊಳಗೂ ನೀರು ಬೇಕಾದಷ್ಟಿರುತ್ತದೆ, ಆದರೆ ಪ್ರೋಟೀನು ಹೊರಗಿಗಿಂತ ಒಳಗೆ ಬಹಳ ದಟ್ಟವಾಗಿರುತ್ತದೆ. ನಡುವೆ ಪೊರೆ ಇಲ್ಲ, ಗೋಡೆ ಇಲ್ಲ. ಅಂಚು ಮಾತ್ರ ಇದೆ.

ಎಲ್ಲ ಪ್ರೋಟೀನುಗಳಿಗೂ ಇದು ಸಾಧ್ಯವಿಲ್ಲ. ಪಾಠಪುಸ್ತಕದಲ್ಲಿ ನಾವು ಓದಿದ ಪ್ರೋಟೀನು ಅಚ್ಚುಕಟ್ಟಾಗಿ ಮಡಿಚಿಕೊಂಡಿರುವಂಥದ್ದು, ಬೀಗಕ್ಕೆ ತಕ್ಕ ಕೀಲಿಯಂಥದ್ದು. ಹನಿ ಕಟ್ಟುವ ಪ್ರೋಟೀನುಗಳಲ್ಲಿ ಸಾಮಾನ್ಯವಾಗಿ ಎಲ್ಲಿಯೂ ಮಡಿಕೆ ಬೀಳದ, ಸಡಿಲ ದಾರದ ಹಾಗೆ ತೂಗಾಡುವ ಉದ್ದನೆಯ ಭಾಗಗಳಿರುತ್ತವೆ. ಆ ದಾರದ ಉದ್ದಕ್ಕೂ ಅಲ್ಲಲ್ಲಿ ಅಂಟು. ಒಂದೊಂದು ಅಂಟೂ ದುರ್ಬಲ. ಹಿಡಿದ ಕ್ಷಣದಲ್ಲೇ ಬಿಡುತ್ತದೆ. ಆದರೆ ಒಂದು ಅಣುವಿಗೆ ಹಲವು ಕೈಗಳಿದ್ದು, ಸುತ್ತ ಅಂಥವೇ ಅಣುಗಳು ನೆರೆದಿದ್ದರೆ, ಒಂದು ಕೈ ಬಿಟ್ಟಾಗ ಇನ್ನೊಂದು ಕೈ ಹಿಡಿದಿರುತ್ತದೆ. ಹೀಗೆ ಯಾರೂ ಯಾರನ್ನೂ ಗಟ್ಟಿಯಾಗಿ ಹಿಡಿಯದೆ ಗುಂಪು ಚದುರದೆ ಉಳಿಯುತ್ತದೆ. ಹಿಡಿತ ಬಲವಾಗಿದ್ದರೆ ಅದು ಕಲ್ಲಾಗುತ್ತಿತ್ತು. ಸಡಿಲವಾಗಿರುವುದರಿಂದಲೇ ದ್ರವ. ಇನ್ನೊಂದು ಷರತ್ತು, ಪ್ರೋಟೀನಿನ ಪ್ರಮಾಣ ಒಂದು ಮಿತಿ ದಾಟಬೇಕು. ಅದಕ್ಕಿಂತ ಕಡಿಮೆಯಿದ್ದರೆ ಕರಗಿಯೇ ಇರುತ್ತದೆ. ಮಿತಿ ದಾಟುತ್ತಲೇ ಹನಿಗಳು ಮೂಡುತ್ತವೆ.

ಇದು ರೇಬೀಸ್ ತರುವ ವೈರಸ್ ಕಂಡುಹಿಡಿದ ತಂತ್ರವೇನಲ್ಲ, ಕೋಶದ ಹಳೆಯ ವಿದ್ಯೆ. 2009ರಲ್ಲಿ ಕ್ಲಿಫರ್ಡ್ ಬ್ರ್ಯಾಂಗ್ವಿನ್, ಟೋನಿ ಹೈಮನ್ ಮತ್ತು ಸಂಗಡಿಗರು ಒಂದು ಪುಟ್ಟ ಹುಳುವಿನ ಭ್ರೂಣದಲ್ಲಿ ಕೆಲವು ಕಣಗಳು ತೊಟ್ಟಿಕ್ಕುವುದನ್ನೂ ಒಂದರೊಳಗೊಂದು ಬೆರೆಯುವುದನ್ನೂ ತೋರಿಸಿದ ಮೇಲೆ ಜೀವಶಾಸ್ತ್ರಜ್ಞರ ನೋಟವೇ ಬದಲಾಯಿತು. ವೈರಸ್ ಮಾಡಿದ್ದು ಕಳ್ಳ ಮಾಡುವ ಕೆಲಸ: ಮನೆಯವರ ಸಲಕರಣೆ ಬಳಸಿ ಮನೆಯೊಳಗೇ ತನ್ನ ಅಂಗಡಿ ತೆರೆದದ್ದು.

ಮತ್ತೆ ರೇಬೀಸಿಗೆ ಬರೋಣ. ಈ ವೈರಸ್ಸಿನ ಬಂಡವಾಳ ತೀರಾ ಚಿಕ್ಕದು, ಐದೇ ಐದು ಜೀನುಗಳು. ಅವುಗಳಲ್ಲಿ ‘ಎನ್’ ಎಂಬ ಪ್ರೋಟೀನು ವೈರಸ್ಸಿನ ಆನುವಂಶಿಕ ಮಾಹಿತಿ ಹೊತ್ತ ಆರ್‌ಎನ್‌ಎಗೆ ಹೊದಿಕೆ ಹೊದಿಸುತ್ತದೆ. ‘ಪಿ’ ಎಂಬುದು ಆ ಆರ್‌ಎನ್‌ಎಯ ಪ್ರತಿ ತೆಗೆಯುವ ನಕಲು ಯಂತ್ರವನ್ನು ಆ ಹೊದಿಕೆಗೆ ಜೋಡಿಸುತ್ತದೆ. ವೈರಸ್ಸೇ ಇಲ್ಲದ ಕೋಶದಲ್ಲಿ ಈ ಎರಡನ್ನು ಮಾತ್ರ ತಯಾರಾಗುವಂತೆ ಮಾಡಿದರೂ ದುಂಡು ಹನಿಗಳು ಮೂಡಿದವು. ಉಳಿದ ಮೂರರ ಅಗತ್ಯವೇ ಬೀಳಲಿಲ್ಲ.

ಹನಿ ಎಂದು ಹೇಳುವುದು ಸುಲಭ, ತೋರಿಸಿದ್ದು ಹೇಗೆ? ಪಿ ಪ್ರೋಟೀನಿಗೆ ಹೊಳೆಯುವ ಬಾಲ ಕಟ್ಟಿ ಜೀವಂತ ಕೋಶವನ್ನು ನೋಡುತ್ತಾ ಕೂತರು. ಎರಡು ಚುಕ್ಕೆ ಹತ್ತಿರ ಬಂದವು, ತಾಗಿದವು, ತಾವರೆ ಎಲೆಯ ಮೇಲಿನ ನೀರಿನ ಹಾಗೆ ಕೂಡಿಕೊಂಡು ಒಂದೇ ದೊಡ್ಡ ದುಂಡಾದವು. ಗಟ್ಟಿ ವಸ್ತುಗಳು ಹೀಗೆ ಕೂಡುವುದಿಲ್ಲ. ನಂತರ ಚುಕ್ಕೆಯ ಒಂದು ಭಾಗಕ್ಕೆ ಲೇಸರ್ ಹಾಯಿಸಿ ಹೊಳಪನ್ನು ಅಳಿಸಿದರು. ಕತ್ತಲಾದ ಜಾಗಕ್ಕೆ ಹೊಳಪು ಮರಳಿ ಬಂತು. ಅಂದರೆ ಅಲ್ಲಿನ ಅಣುಗಳು ಒಂದೆಡೆ ನೆಟ್ಟಿಲ್ಲ, ಓಡಾಡುತ್ತಿವೆ. ಕೋಶದ ಸುತ್ತಲಿನ ಲವಣವನ್ನು ಥಟ್ಟನೆ ಕಡಿಮೆ ಮಾಡಿದಾಗ ಕೋಶ ನೀರು ಕುಡಿದು ಉಬ್ಬಿತು, ಒಳಗೆಲ್ಲ ತೆಳ್ಳಗಾಯಿತು, ಚುಕ್ಕೆಗಳು ಮಾಯವಾದವು. ಆಮೇಲೆ ಮತ್ತೆ ಮೂಡಿದವು. ನನಗಂತೂ ಈ ಮೂರನೆಯದೇ ಹೆಚ್ಚು ಮನದಟ್ಟಾಗುವ ಪುರಾವೆ. ಮಿತಿಗಿಂತ ಕೆಳಗಿಳಿದರೆ ಕರಗಬೇಕು ಎಂಬುದು ಲೆಕ್ಕ, ಕರಗಿತು.

ಇಷ್ಟಕ್ಕೂ ವೈರಸ್ಸಿಗೆ ಹನಿಯಿಂದ ಏನು ಲಾಭ? ಕೋಶವೆಂಬುದು ಅದರ ಪಾಲಿಗೆ ದೊಡ್ಡ ಊರು. ನಕಲು ಮಾಡಬೇಕಾದ ಆರ್‌ಎನ್‌ಎ ಒಂದು ಮೂಲೆಯಲ್ಲಿ, ನಕಲು ಯಂತ್ರ ಇನ್ನೊಂದು ಮೂಲೆಯಲ್ಲಿ ಅಲೆಯುತ್ತಿದ್ದರೆ ಕೆಲಸ ಸಾಗದು. ಹನಿಯೊಳಗೆ ಎಲ್ಲವೂ ಒಟ್ಟಿಗೆ ಸಿಗುತ್ತವೆ. ರೇಬೀಸ್ ವೈರಸ್ಸಿನ ಆರ್‌ಎನ್‌ಎ ತಯಾರಾಗುವುದು ಈ ಹನಿಗಳಲ್ಲೇ. ದಡಾರದ ವೈರಸ್ಸಿನಲ್ಲೂ ಎನ್ ಮತ್ತು ಪಿ ಸೇರಿ ಹನಿ ಕಟ್ಟುತ್ತವೆ; ಹನಿಯೊಳಗೆ ಆರ್‌ಎನ್‌ಎಗೆ ಹೊದಿಕೆ ಬೀಳುವ ವೇಗ ಹೆಚ್ಚುತ್ತದೆ ಎಂದು ಪ್ರನಾಳದ ಪ್ರಯೋಗಗಳು ತೋರಿಸಿವೆ. ಸಿದ್ಧವಾದ ಸರಕು ಹೊರಹೋಗಲು ಬಾಗಿಲು ಬೇಡ, ಅಂಚಿನಿಂದ ಜಾರಿದರೆ ಸಾಕು. ನೆಗ್ರಿ ಕಾಯದಿಂದ ಹೊರಬಿದ್ದ ವೈರಸ್ ಆರ್‌ಎನ್‌ಎಯ ಕಟ್ಟುಗಳು ಕೋಶದ ಹಳಿಗಳಂಥ ಸೂಕ್ಷ್ಮನಾಳಗಳನ್ನು ಹಿಡಿದು ದೂರ ಸಾಗುತ್ತವೆ.

ಮಕ್ಕಳ ಶ್ವಾಸಕೋಶಕ್ಕೆ ತೊಂದರೆ ಕೊಡುವ ಆರ್‌ಎಸ್‌ವಿ ಎಂಬ ವೈರಸ್ಸಿನಲ್ಲಿ ಇನ್ನೂ ಒಂದು ಸೊಗಸಿದೆ. ಸೊಗಸು ಎಂದು ವೈರಸ್ಸಿಗೆ ಹೇಳಬಾರದೇನೋ. ಅದರ ಹನಿಯೊಳಗೆ ಮತ್ತೊಂದು ಕಿರುಹನಿ ಇರುತ್ತದೆ. ಹೊಸದಾಗಿ ತಯಾರಾದ, ಪ್ರೋಟೀನು ಕಟ್ಟುವ ಸೂಚನೆ ಹೊತ್ತ ಸಂದೇಶವಾಹಕ ಆರ್‌ಎನ್‌ಎ ಅಲ್ಲಿ ಹೋಗಿ ಕೂಡಿಕೊಳ್ಳುತ್ತದೆ; ನಕಲು ನಡೆಯುವುದು ಹೊರಹನಿಯಲ್ಲಿ. ಸೋಂಕಿನ ಸುದ್ದಿಯನ್ನು ಕೋಶಕೇಂದ್ರಕ್ಕೆ ಮುಟ್ಟಿಸಬೇಕಾದ ಪ್ರೋಟೀನೊಂದು ಇದೇ ಹನಿಯಲ್ಲಿ ಸಿಕ್ಕಿಕೊಂಡು ಅಲ್ಲೇ ಉಳಿಯುವುದನ್ನೂ ಕಂಡಿದ್ದಾರೆ.

ಕೊರೊನಾ ವೈರಸ್ಸಿನ ಕಷ್ಟ ಬೇರೆ. ಸುಮಾರು 30,000 ಅಕ್ಷರಗಳ ಆರ್‌ಎನ್‌ಎಯನ್ನು ಸುಮಾರು 100 ನ್ಯಾನೊಮೀಟರ್ ಅಗಲದ ಕಣದೊಳಗೆ ಅದು ತುರುಕಬೇಕು. 419 ಅಮೈನೋ ಆಮ್ಲಗಳ ಅದರ ಎನ್ ಪ್ರೋಟೀನು ಆರ್‌ಎನ್‌ಎ ಜೊತೆ ಸೇರಿದರೆ ಹನಿಯಾಗುತ್ತದೆ ಎಂದು 2020ರಲ್ಲಿ ಹಲವು ಪ್ರಯೋಗಾಲಯಗಳು ಹೆಚ್ಚುಕಡಿಮೆ ಒಟ್ಟಿಗೇ ಕಂಡವು. ಈ ಪ್ರೋಟೀನಿನ ಒಂದು ಭಾಗಕ್ಕೆ ಫಾಸ್ಫೇಟ್ ಅಂಟಿದಾಗ ಹನಿ ತೆಳ್ಳಗೆ ಹರಿಯುತ್ತದೆ, ಇಲ್ಲದಾಗ ಲೋಳೆಯಂತೆ ಬಿಗಿಯುತ್ತದೆ. ನಕಲಿನ ಕೆಲಸಕ್ಕೆ ತೆಳು, ಮೂಟೆ ಕಟ್ಟಲು ಬಿಗಿ ಎಂಬುದು ಸಂಶೋಧಕರ ಊಹೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹನಿಯ ವಿಚಾರ ಬಂದ ಮೇಲೆ ದುಂಡಗೆ ಕಂಡದ್ದೆಲ್ಲ ಹನಿ ಎನ್ನುವ ಚಾಳಿಯೂ ಬಂತು. ಹರ್ಪಿಸ್ ವೈರಸ್ ಕೋಶಕೇಂದ್ರದೊಳಗೆ ತೆರೆಯುವ ಕಾರ್ಖಾನೆಗಳೂ ದುಂಡಗಿವೆ, ಒಂದರೊಡನೊಂದು ಕೂಡುತ್ತವೆ. ಆದರೆ 2019ರಲ್ಲಿ ಕ್ಯಾಲಿಫೋರ್ನಿಯಾದ ಒಂದು ತಂಡ ಒಂದೊಂದೇ ಅಣುವಿನ ಬೆನ್ನುಹತ್ತಿ ನೋಡಿದಾಗ ಕಥೆ ಬೇರೆಯೇ ಇತ್ತು. ಡಿಎನ್‌ಎ ಓದಿ ಆರ್‌ಎನ್‌ಎ ಬರೆಯುವ ಕೋಶದ ಪಾಲಿಮರೇಸ್ ಯಂತ್ರ ಅಲ್ಲಿ ಗುಂಪುಗೂಡುವುದು ಹನಿಯ ಸೆಳೆತಕ್ಕಲ್ಲ. ವೈರಸ್ಸಿನ ಬತ್ತಲೆ ಡಿಎನ್‌ಎ ಹೇರಳವಾಗಿ ಬಿದ್ದಿದೆ, ಅದಕ್ಕೆ ಅಂಟಿಕೊಂಡು ನಿಲ್ಲುತ್ತದೆ ಅಷ್ಟೆ. ಹನಿಯನ್ನು ಕರಗಿಸಿ ಪರೀಕ್ಷಿಸಲು ಬಳಸುವ ಹೆಕ್ಸೇನ್‌ಡಯಾಲ್ ಎಂಬ ರಾಸಾಯನಿಕವೂ ಕೋಶದಲ್ಲಿ ಬೇರೆ ಹತ್ತು ಕೆಲಸ ಕೆಡಿಸುತ್ತದೆ. ನೆಗ್ರಿಯ ಹಾಗೆ ಚುಕ್ಕೆ ಕಂಡ ಕೂಡಲೇ ಹೆಸರಿಡುವ ಆತುರ ಇಂದಿಗೂ ಹೋಗಿಲ್ಲ.

ಕೊನೆಯದಾಗಿ ಔಷಧದ ವಿಷಯ. 1950ರ ದಶಕದಲ್ಲಿ ಅಮೆರಿಕದ ಐಡಹೊದಲ್ಲಿ ಕೆಲವು ಕುರಿಮರಿಗಳು ಒಂದೇ ಕಣ್ಣಿನೊಂದಿಗೆ ಹುಟ್ಟಿದವು. ಗಬ್ಬದ ಕುರಿಗಳು ಮೇಯ್ದ ಕಾಡುಗಿಡವೊಂದು ಕಾರಣವೆಂದು ತಿಳಿಯಿತು. ಅದರಲ್ಲಿನ ರಾಸಾಯನಿಕಕ್ಕೆ ಒಕ್ಕಣ್ಣ ದೈತ್ಯ ಸೈಕ್ಲೊಪ್ಸ್‌ನ ಹೆಸರಿಂದ ಸೈಕ್ಲೊಪಮೀನ್ ಎಂದು ಕರೆದರು. 2021ರಲ್ಲಿ ಅದೇ ಸೈಕ್ಲೊಪಮೀನ್ ಮತ್ತು ಅದರ ಒಂದು ರೂಪಾಂತರ ಆರ್‌ಎಸ್‌ವಿಯ ಹನಿಗಳನ್ನು ಗಟ್ಟಿಗೊಳಿಸುತ್ತವೆ ಎಂಬುದು ಗೊತ್ತಾಯಿತು. ಹನಿ ಒಡೆಯಲಿಲ್ಲ, ಕರಗಲಿಲ್ಲ. ಹರಿಯುವುದನ್ನು ನಿಲ್ಲಿಸಿತು. ಒಳಗಿನ ಯಂತ್ರಗಳು ಇದ್ದಲ್ಲೇ ಸಿಕ್ಕಿಬಿದ್ದವು, ಇಲಿಗಳ ಶ್ವಾಸಕೋಶದಲ್ಲಿ ವೈರಸ್ಸಿನ ವೃದ್ಧಿ ಕುಗ್ಗಿತು. ಭ್ರೂಣಕ್ಕೆ ಇಷ್ಟು ಅಪಾಯ ಮಾಡುವ ವಸ್ತುವನ್ನು ಹಾಗೆಯೇ ಯಾರೂ ರೋಗಿಗೆ ಕೊಡಲಾರರು. ಹನಿ ಗಟ್ಟಿಯಾದರೆ ವೈರಸ್ ಸೋಲುತ್ತದೆ ಎಂಬ ದಾರಿಯಂತೂ ತೆರೆದಿದೆ.

ನೆಗ್ರಿ ಕಂಡ ಚುಕ್ಕೆಗಳೂ ಗಟ್ಟಿಯಾಗಿದ್ದವು. ಮಿದುಳಿನ ಪದರ ಕೆಡದಿರಲೆಂದು ಬಳಸುತ್ತಿದ್ದ ರಾಸಾಯನಿಕಗಳಲ್ಲಿ ಹನಿ ಹೆಪ್ಪುಗಟ್ಟಿಬಿಡುತ್ತಿತ್ತು. ಹಾಗಾಗಿಯೇ ಅದು ಹರಿಯುವುದು ನೂರು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಸತ್ತ ಕೋಶದಲ್ಲಿ ಆಗ ತಾನಾಗಿ ಆಗುತ್ತಿದ್ದದ್ದನ್ನು, ಕೋಶವನ್ನು ಸಾಯಿಸದೆ ಮಾಡುವುದು ಹೇಗೆಂದು ಈಗ ಹುಡುಕುತ್ತಿದ್ದಾರೆ.

ನಮಸ್ಕಾರ.