ಇಎಂಆರ್ ಕಲಿಸುವ ಪಾಠ ವಾರ್ಡಿನಿಂದ ಹುಟ್ಟಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಯಾವುದೇ ದೊಡ್ಡ ಆಸ್ಪತ್ರೆಗೆ ಹೋಗಿ, ಓಪಿಡಿ ಕೌಂಟರಿನಲ್ಲಿ ಈಗ ಕಂಪ್ಯೂಟರ್ ಇರುತ್ತದೆ. ಹೆಸರು, ವಯಸ್ಸು, ಫೋನ್ ನಂಬರ್ ಅಲ್ಲೇ ಕೇಳಿ ಟೈಪ್ ಮಾಡಿಕೊಳ್ಳುತ್ತಾರೆ. ಡಾಕ್ಟರು ಬರೆಯುವ ಔಷಧ, ಲ್ಯಾಬಿನ ರಿಪೋರ್ಟ್, ವಾರ್ಡಿನಲ್ಲಿ ಸಿಸ್ಟರ್ ನೋಡುವ ಬಿಪಿ, ಜ್ವರ, ಮನೆಗೆ ಹೋಗುವಾಗ ಕೊಡುವ ಡಿಸ್ಚಾರ್ಜ್ ಸಮರಿ, ಎಲ್ಲ ಒಂದೇ ಕಡೆ ಸೇರುತ್ತದೆ. ಇದು ಎಲೆಕ್ಟ್ರಾನಿಕ್ ಮೆಡಿಕಲ್ ರೆಕಾರ್ಡ್. ಆಸ್ಪತ್ರೆಯೊಳಗೆ ಎಲ್ಲರೂ ಇಎಂಆರ್ ಅಂತಾರೆ. ನಾನೂ ಹಾಗೇ ಅನ್ನುತ್ತೇನೆ.

ನಾನು ಮೊದಲು ನರ್ಸ್ ಆಗಿ ಕೆಲಸ ಮಾಡಿದವಳು. ಈಗ ಆಸ್ಪತ್ರೆಯ ಸಿಬ್ಬಂದಿಗೆ ಇಎಂಆರ್ ಕಲಿಸುತ್ತೇನೆ. ಈ ಸಾಫ್ಟ್‌ವೇರಿನ ಒಳಗೇ ಇದ್ದು ದಾರಿ ತೋರಿಸುವ ಪಾಠಗಳ ಬಗ್ಗೆ ಇವತ್ತು ನಿಮ್ಮ ಜೊತೆ ಮಾತಾಡಬೇಕು.

ಇಂಥ ಪಾಠವನ್ನು ನಿಮ್ಮ ಫೋನಿನಲ್ಲೂ ನೋಡಿರುತ್ತೀರಿ. ಹೊಸ ಆ್ಯಪ್ ತೆರೆದ ಕೂಡಲೇ ಪರದೆಯೆಲ್ಲ ಮಬ್ಬಾಗುತ್ತದೆ. ಒಂದು ಬಟನ್ ಮಾತ್ರ ಬೆಳಗುತ್ತದೆ. ಪಕ್ಕದಲ್ಲಿ ಒಂದು ಚಿಕ್ಕ ಡಬ್ಬಿ ಬಂದು "ಇಲ್ಲಿ ಒತ್ತಿ" ಅನ್ನುತ್ತದೆ. ಕೆಳಗೆ ಮುಂದೆ ಹೋಗುವ ಬಟನ್, ಮೂಲೆಯಲ್ಲಿ ಸ್ಕಿಪ್. ನಮ್ಮಲ್ಲಿ ಎಷ್ಟು ಜನ ಅದನ್ನು ಪೂರ್ತಿ ನೋಡುತ್ತೇವೆ? ಬಹುಪಾಲು ಜನ ಸ್ಕಿಪ್ ಒತ್ತುತ್ತೇವೆ, ಅಲ್ವಾ? ತರಕಾರಿ ತರಿಸುವ ಆ್ಯಪ್‌ನಲ್ಲಿ ಅದರಿಂದ ದೊಡ್ಡ ನಷ್ಟ ಇಲ್ಲ. ಆಸ್ಪತ್ರೆಯಲ್ಲಿ ಹಾಗಲ್ಲ. ಅಲ್ಲಿ ತಪ್ಪು ಜಾಗದಲ್ಲಿ ಒತ್ತಿದರೆ ಒಬ್ಬರ ಔಷಧ ಇನ್ನೊಬ್ಬರ ಹೆಸರಿಗೆ ಹೋಗಬಹುದು.

ಸ್ಕಿಪ್ ಒತ್ತುವುದು ಸೋಮಾರಿತನ ಅಂತ ನಾನು ಒಪ್ಪುವುದಿಲ್ಲ. ಐಬಿಎಂ ಕಂಪನಿಯ ಸಂಶೋಧಕರಾಗಿದ್ದ ಜಾನ್ ಕ್ಯಾರಲ್ ಮತ್ತು ಮೇರಿ ಬೆತ್ ರಾಸನ್ 1987ರಲ್ಲೇ ಈ ವಿಚಾರ ಬರೆದಿದ್ದಾರೆ. ಜನ ಕಂಪ್ಯೂಟರ್ ಮುಂದೆ ಕೂರುವುದು ಕೆಲಸ ಮುಗಿಸೋದಕ್ಕೆ. ಸ್ವಲ್ಪ ಕಲಿತರೆ ಮುಂದೆ ಕೆಲಸ ಬೇಗ ಆಗುತ್ತದೆ ಅಂತ ಗೊತ್ತಿದ್ದರೂ ಈಗಿನ ಕೆಲಸ ಬಿಟ್ಟು ಕಲಿಯಲು ನಿಲ್ಲುವುದಿಲ್ಲ. ಇನ್ನೂ ಒಂದು ವಿಷಯ ಅವರು ಹೇಳಿದ್ದರು. ಹೊಸದು ಏನೇ ಬಂದರೂ ಜನ ಅದನ್ನು ಹಳೆಯದರ ಲೆಕ್ಕದಲ್ಲೇ ಅರ್ಥ ಮಾಡಿಕೊಳ್ಳುತ್ತಾರೆ.

ಎರಡನ್ನೂ ವಾರ್ಡಿನಲ್ಲಿ ದಿನವೂ ನೋಡಬಹುದು. ಇಪ್ಪತ್ತು ವರ್ಷ ರಿಜಿಸ್ಟರ್ ಬರೆದ ಸಿಸ್ಟರ್ ಒಬ್ಬರಿದ್ದಾರೆ ಅಂದುಕೊಳ್ಳಿ. ರಿಜಿಸ್ಟರಿನಲ್ಲಿ ಬರೆದರೆ ಮುಗಿಯಿತು, ಅಕ್ಷರ ಎಲ್ಲೂ ಓಡಿಹೋಗುವುದಿಲ್ಲ. ಎಷ್ಟೋ ಇಎಂಆರ್‌ಗಳಲ್ಲಿ ಟೈಪ್ ಮಾಡಿದ ಮೇಲೆ ಸೇವ್ ಒತ್ತಲೇಬೇಕು. ಒತ್ತದೆ ಪಕ್ಕದ ಬೆಡ್ಡಿನ ರೋಗಿಯ ಪುಟಕ್ಕೆ ಹೋದರೆ ಬರೆದದ್ದೆಲ್ಲ ಹೋಯಿತು. ಆ ಸಿಸ್ಟರ್‌ಗೆ ರೋಗಿಯನ್ನು ನೋಡಿಕೊಳ್ಳುವುದು ಚೆನ್ನಾಗಿ ಗೊತ್ತು. ಅವರಿಗೆ ಬೇಕಾದ್ದು ಈ ಒಂದು ವ್ಯತ್ಯಾಸ. ಅದನ್ನು ಸರಿಯಾದ ಹೊತ್ತಿನಲ್ಲಿ ಹೇಳಿದರೆ ಸಾಕು. ಆದರೆ ಲಾಗಿನ್ ಆದ ಮೊದಲ ದಿನವೇ ನಲವತ್ತು ಬಟನ್‌ಗಳನ್ನು ಒಂದಾದ ಮೇಲೊಂದು ತೋರಿಸುವ ಪಾಠದಲ್ಲಿ ಇದು ಎಲ್ಲೋ ಮುಚ್ಚಿಹೋಗುತ್ತದೆ. ಅವರು ಪುಟ ಬಿಡಲು ಹೊರಟ ಕ್ಷಣದಲ್ಲಿ "ಸೇವ್ ಮಾಡಿಲ್ಲ, ಮೊದಲು ಇಲ್ಲಿ ಒತ್ತಿ" ಅಂತ ಬಂದರೆ ಆ ಪಾಠ ಮರೆಯುವುದಿಲ್ಲ.

ಹಾಗಾಗಿ ನಾನು ಕೇಳುವುದು ಇಷ್ಟು. ಈ ಪಾಠಗಳನ್ನು ಪರದೆ ನೋಡಿ ಬರೆಯಬೇಡಿ, ಕೆಲಸ ನೋಡಿ ಬರೆಯಿರಿ. ಎಲ್ಲಿ ಕೈ ತಪ್ಪುತ್ತದೋ ಅಲ್ಲಿಗೆ ಪಾಠ ಬರಲಿ.

ಎಲ್ಲಿ ಕೈ ತಪ್ಪುತ್ತದೆ? ಮೊದಲನೆಯ ಜಾಗ ಹೆಸರು ಬರೆಸುವ ಕೌಂಟರ್. ಬೆಳಗ್ಗೆ ಒಂಬತ್ತಕ್ಕೇ ಉದ್ದ ಕ್ಯೂ. ವಿಕ್ಟೋರಿಯಾ, ಬೌರಿಂಗ್, ಜಯದೇವ, ಕಿದ್ವಾಯಿ, ನಿಮ್ಹಾನ್ಸ್‌ಗೆ ರಾಯಚೂರಿನಿಂದ, ಚಾಮರಾಜನಗರದಿಂದ, ಎಲ್ಲೆಲ್ಲಿಂದಲೋ ರಾತ್ರಿ ಬಸ್ ಹತ್ತಿ ಬಂದವರು ಇರುತ್ತಾರೆ. ಕೌಂಟರಿನ ಹುಡುಗ ಕೇಳುತ್ತಾನೆ, "ಅಜ್ಜಿ, ಹೆಸರು?" "ಲಕ್ಷ್ಮಮ್ಮ ಕಣಪ್ಪ." "ವಯಸ್ಸು?" "ಎಪ್ಪತ್ತೋ ಎಪ್ಪತ್ತೈದೋ ಇರಬೇಕು." ಈಗ ಆ ಹುಡುಗ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕು. 'ಕ್ಷ' ಬಂದ ಕಡೆ ಒಬ್ಬರು ಕೆ, ಎಸ್, ಎಚ್ ಹಾಕುತ್ತಾರೆ. ಇನ್ನೊಬ್ಬರು ಬರೀ ಎಕ್ಸ್ ಹಾಕುತ್ತಾರೆ. ಕೊನೆಯ ಒತ್ತಕ್ಷರಕ್ಕೆ ಒಬ್ಬರು ಎರಡು ಎಂ, ಇನ್ನೊಬ್ಬರು ಒಂದೇ ಎಂ. ಹೋದ ಸಲ ಬಂದಾಗ ಒಂದು ರೀತಿ ಬರೆದಿದ್ದರೆ, ಈ ಸಲ ಇನ್ನೊಂದು ರೀತಿ ಹುಡುಕಿದಾಗ ಅಜ್ಜಿಯ ಹೆಸರೇ ಸಿಗುವುದಿಲ್ಲ. ಕ್ಯೂ ಬೆಳೆಯುತ್ತಿದೆ, ಹಿಂದಿನವರು ಗೊಣಗುತ್ತಿದ್ದಾರೆ. ಹುಡುಗ ಹೊಸ ರೋಗಿ ಅಂತ ಹೊಸ ನಂಬರ್ ಕೊಟ್ಟುಬಿಡುತ್ತಾನೆ. ಒಬ್ಬ ಅಜ್ಜಿಗೆ ಎರಡು ದಾಖಲೆ ಆಯಿತು. ಹಳೆಯದರಲ್ಲಿ ಪೆನಿಸಿಲಿನ್ ಅಲರ್ಜಿ ಅಂತ ಬರೆದಿದ್ದರೆ, ಹೊಸದನ್ನು ತೆರೆದ ಡಾಕ್ಟರಿಗೆ ಅದು ಕಾಣುವುದಿಲ್ಲ.

ಆ ಹುಡುಗನಿಗೆ ಯಾವ ಪಾಠ ಬೇಕು? ಹೊಸ ರೋಗಿ ಅನ್ನುವ ಬಟನ್ ಎಲ್ಲಿದೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತು. ಅವನು ಆ ಬಟನ್ ಮೇಲೆ ಕೈ ಇಟ್ಟಾಗ ಒಂದು ಸಾಲು ಬರಬೇಕು: "ಹೆಸರು ಸಿಗಲಿಲ್ಲವೇ? ಫೋನ್ ನಂಬರ್ ಹಾಕಿ ಒಮ್ಮೆ ಹುಡುಕಿ. ಮಗನ ನಂಬರ್ ಕೊಟ್ಟಿರಬಹುದು, ಕೇಳಿ." ಇಷ್ಟೇ. ಇದನ್ನು ಬರೆಯೋಕೆ ಕೌಂಟರಿನ ಹತ್ತಿರ ಒಂದು ಬೆಳಗ್ಗೆ ನಿಂತಿರಬೇಕು. ವಯಸ್ಸಾದವರು ಸ್ವಂತ ಫೋನ್ ಇಲ್ಲದೆ ಮಕ್ಕಳ ನಂಬರ್ ಹೇಳುತ್ತಾರೆ ಅನ್ನುವುದು ಅಲ್ಲಿ ನಿಂತರೆ ತಿಳಿಯುತ್ತದೆ.

ಈ ಹೆಸರಿನ ತೊಂದರೆ ಕಡಿಮೆ ಮಾಡಲು ಸರ್ಕಾರವೂ ಒಂದು ದಾರಿ ಮಾಡಿದೆ. 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಶುರುವಾಯಿತು. ಅದರಲ್ಲಿ ಬೇಕೆಂದವರಿಗೆಲ್ಲ ಅಭಾ ಅನ್ನುವ 14 ಅಂಕಿಯ ಆರೋಗ್ಯ ಸಂಖ್ಯೆ ಸಿಗುತ್ತದೆ. 2022ರಲ್ಲಿ ಸ್ಕ್ಯಾನ್ ಅಂಡ್ ಶೇರ್ ಬಂತು. ಈ ಸೌಲಭ್ಯ ಇರುವ ಕಡೆ ಗೋಡೆಯ ಕ್ಯೂಆರ್ ಕೋಡನ್ನು ನಿಮ್ಮ ಫೋನಿನಿಂದ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು ತಾನಾಗೇ ಕೌಂಟರಿಗೆ ಹೋಗುತ್ತದೆ. ಯಾರೂ ಟೈಪ್ ಮಾಡಬೇಕಿಲ್ಲ. ಇದು ಒಳ್ಳೆಯ ಕೆಲಸ. ಆದರೆ ಸ್ಮಾರ್ಟ್‌ಫೋನ್ ಇಲ್ಲದ ನಮ್ಮ ಅಜ್ಜಿ ಕ್ಯೂನಲ್ಲೇ ಬರುತ್ತಾರೆ. ಅವರಿಗಾಗಿ ಕೌಂಟರಿನ ಆ ಒಂದು ಸಾಲು ಬೇಕೇ ಬೇಕು.

ಎರಡನೆಯ ಜಾಗ ಔಷಧದ ಪಟ್ಟಿ. ಮಕ್ಕಳ ವಾರ್ಡಿನದೇ ಮಾತು ತೆಗೆದುಕೊಳ್ಳಿ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಸಿರಪ್ ನಮ್ಮಲ್ಲಿ ಒಂದೇ ಬಗೆ ಇಲ್ಲ. ಒಂದು ಬಾಟಲಿಯಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ ಇದ್ದರೆ, ಇನ್ನೊಂದರಲ್ಲಿ ಅದೇ 5 ಎಂಎಲ್‌ಗೆ 250 ಮಿಲಿಗ್ರಾಂ. ಅಂದರೆ ಸರಿಯಾಗಿ ಎರಡು ಪಟ್ಟು. ಇಎಂಆರ್‌ನಲ್ಲಿ ಹೆಸರಿನ ಮೊದಲ ಮೂರು ಅಕ್ಷರ ಟೈಪ್ ಮಾಡಿದರೆ ಎರಡೂ ಒಂದರ ಕೆಳಗೆ ಒಂದು ಬರುತ್ತವೆ. ಹೆಸರು ಒಂದೇ, ವ್ಯತ್ಯಾಸ ಇರುವುದು ಸಾಲಿನ ಕೊನೆಯಲ್ಲಿ. ಪರದೆ ಚಿಕ್ಕದಿದ್ದರೆ ಆ ಕೊನೆಯೇ ಕತ್ತರಿಸಿ ಹೋಗಿರುತ್ತದೆ. ರಾತ್ರಿ ಮೂರು ಗಂಟೆಗೆ, ಇಬ್ಬರು ಮಾಡುವ ಕೆಲಸವನ್ನು ಒಬ್ಬರೇ ಮಾಡುತ್ತಿರುವಾಗ, ಕಣ್ಣು ಮೊದಲ ಸಾಲಿಗೇ ಹೋಗುತ್ತದೆ.

ಇಲ್ಲಿ ಪಾಠ ನಿಧಾನ ಮಾಡಬೇಕು. ಮಗುವಿನ ತೂಕ ಮೊದಲು ಹಾಕಿಸಬೇಕು. ಈ ಔಷಧವನ್ನು ಒಂದು ಕೆಜಿ ತೂಕಕ್ಕೆ ಸುಮಾರು 15 ಮಿಲಿಗ್ರಾಂ ಲೆಕ್ಕದಲ್ಲಿ ಕೊಡುವುದು ವಾಡಿಕೆ. ಹತ್ತು ಕೆಜಿಯ ಮಗುವಿಗೆ ಆ ಲೆಕ್ಕದಲ್ಲಿ ಒಂದು ಸಲಕ್ಕೆ 150 ಮಿಲಿಗ್ರಾಂ ಆಗುತ್ತದೆ. ಅದು ಒಂದು ಬಾಟಲಿಯಲ್ಲಿ 6 ಎಂಎಲ್, ಇನ್ನೊಂದರಲ್ಲಿ 3 ಎಂಎಲ್. ಹೊಸದಾಗಿ ಸೇರಿದವರಿಗೆ ಪಾಠದಲ್ಲಿ ಈ ಎರಡು ಸಾಲುಗಳನ್ನೇ ಪಕ್ಕಪಕ್ಕ ಇಟ್ಟು, "ಎರಡರಲ್ಲಿ ಯಾವುದು? ಬಾಟಲಿ ನೋಡಿ ಹೇಳಿ" ಅಂತ ಕೇಳಬೇಕು. ಅವರೇ ಆರಿಸಬೇಕು. ಬರೀ ಮುಂದೆ, ಮುಂದೆ ಅಂತ ಒತ್ತಿಸುವ ಪಾಠದಲ್ಲಿ ಬೆರಳು ಕೆಲಸ ಮಾಡುತ್ತದೆ, ತಲೆ ಮಾಡುವುದಿಲ್ಲ.

ಮನೆಯಲ್ಲಿ ಮಕ್ಕಳಿಗೆ ಸಿರಪ್ ಕೊಡುವ ತಾಯಂದಿರೇ, ಈ ಮಾತು ನಿಮಗೂ ಸೇರಿದ್ದು. ಬಾಟಲಿ ಬದಲಾದರೆ ಅಳತೆಯೂ ಬದಲಾಗಬಹುದು. ಡಾಕ್ಟರನ್ನೋ ಮೆಡಿಕಲ್ ಶಾಪಿನವರನ್ನೋ ಒಮ್ಮೆ ಕೇಳಿ.

ಕ್ಯಾರಲ್ ಅವರ ಹೆಸರು ಹೇಳಿದೆನಲ್ಲ, ಅವರದೇ ಇನ್ನೊಂದು ಪ್ರಯೋಗ ನನಗೆ ತುಂಬ ಇಷ್ಟ. ಅದು 1984ರದು. ಮಕ್ಕಳು ಬೀಳದಿರಲಿ ಅಂತ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಎರಡು ಪುಟ್ಟ ಚಕ್ರ ಕಟ್ಟುತ್ತೇವಲ್ಲ, ಅದೇ ಹೆಸರನ್ನು ಈ ಪ್ರಯೋಗಕ್ಕೆ ಇಟ್ಟಿದ್ದರು. ಪತ್ರ ಬರೆಯುವ ಒಂದು ಸಾಫ್ಟ್‌ವೇರ್ ತೆಗೆದುಕೊಂಡು, ಹೊಸಬರು ಸಿಕ್ಕಿಹಾಕಿಕೊಳ್ಳುವ ಕೆಲವು ಬಾಗಿಲುಗಳನ್ನು ಮುಚ್ಚಿಟ್ಟರು. ಬಾಗಿಲು ಕಾಣುತ್ತದೆ, ಆದರೆ ತೆರೆಯುವುದಿಲ್ಲ. ಹಾಗೆ ಕಲಿತವರು ಬೇಗ ಕಲಿತರು. ತಪ್ಪುಗಳಿಂದ ಹೊರಗೆ ಬರಲು ಅವರು ಕಳೆದ ಸಮಯವೂ ಕಡಿಮೆಯಾಯಿತು.

ಇದನ್ನು ಇಎಂಆರ್‌ನಲ್ಲಿ ಮಾಡುವುದು ಕಷ್ಟವೇನಲ್ಲ. ಎರಡು ದಾಖಲೆಗಳನ್ನು ಸೇರಿಸಿ ಒಂದು ಮಾಡುವುದು, ಬರೆದ ಔಷಧವನ್ನು ರದ್ದು ಮಾಡುವುದು, ಇಂಥವನ್ನು ಮೊದಲ ಕೆಲವು ವಾರ ಹೊಸಬರಿಗೆ ಮುಚ್ಚಿಡಬಹುದು. ಬೇಕಾದಾಗ ಸೀನಿಯರ್ ಸಿಸ್ಟರ್ ತೆರೆದು ಕೊಡಲಿ. ಜೊತೆಗೆ ಅಭ್ಯಾಸಕ್ಕೆ ಅಂತ ಬೇರೆಯೇ ಒಂದು ಕಾಪಿ ಇರಬೇಕು. ಅದರಲ್ಲಿ ಸುಳ್ಳು ಹೆಸರಿನ ರೋಗಿಗಳು, ಬಣ್ಣ ಬೇರೆ ಇರುವ ಪರದೆ. ಈ ಸೌಲಭ್ಯ ಇಲ್ಲದ ಕಡೆ ಜನ ನಿಜವಾದ ಸಿಸ್ಟಮ್ಮಿನಲ್ಲೇ ಸುಮ್ನೆ ಒತ್ತಿ ಕಲಿಯುತ್ತಾರೆ. ಆಗ ಯಾರೋ ರೋಗಿಯ ಹೆಸರಿನಲ್ಲಿ ರಕ್ತ ಪರೀಕ್ಷೆಯ ಚೀಟಿ ನಿಜವಾಗಿ ಲ್ಯಾಬಿಗೆ ಹೋಗುತ್ತದೆ.

ಇನ್ನು ಭಾಷೆ. ಬೆಂಗಳೂರಿನ ಒಂದೇ ವಾರ್ಡಿನಲ್ಲಿ ಕಲಬುರಗಿಯ ಸಿಸ್ಟರ್ ಇರುತ್ತಾರೆ, ಕೊಟ್ಟಾಯಂನವರು, ಇಂಫಾಲದವರೂ ಇರುತ್ತಾರೆ. ಪರದೆ ಇಂಗ್ಲಿಷಿನಲ್ಲೇ ಇರಲಿ, ಪರವಾಗಿಲ್ಲ. ದಾರಿ ತೋರಿಸುವ ಆ ಚಿಕ್ಕ ಡಬ್ಬಿಯಲ್ಲಿನ ಮಾತು ಅವರವರ ಭಾಷೆಯಲ್ಲಿ ಬರಲಿ. ಕನ್ನಡದಲ್ಲಿ ಬರೆಯುವಾಗ ಕಚೇರಿ ಸುತ್ತೋಲೆಯ ಕನ್ನಡ ಬೇಡ. ವಾರ್ಡಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಹಾಗೆ ಬರೆಯಿರಿ. ಒಂದು ಡಬ್ಬಿಯಲ್ಲಿ ಎರಡು ಸಾಲಿಗಿಂತ ಜಾಸ್ತಿ ಬೇಡ. ವಿಡಿಯೋ ಹಾಕಿದರೆ ವಾರ್ಡಿನ ಗದ್ದಲದಲ್ಲಿ ಕೇಳಿಸುವುದಿಲ್ಲ, ಜೋರು ಮಾಡಿದರೆ ಪಕ್ಕದ ರೋಗಿ ಎದ್ದುಬಿಡುತ್ತಾರೆ. ಹೀಗೆ ಭಾಷೆ ಸೇರಿಸುವುದು ಆಗದ ಮಾತೇನಲ್ಲ. 2004ರಲ್ಲಿ ಶುರುವಾದ ಓಪನ್‌ಎಂಆರ್‌ಎಸ್ ಅನ್ನುವ ಇಎಂಆರ್ ಸಾಫ್ಟ್‌ವೇರ್ ಇದೆ. ಅದರ ಮೇಲೆ ಕಟ್ಟಿದ, ಛತ್ತೀಸ್‌ಗಢದ ಗನಿಯಾರಿ ಎಂಬ ಹಳ್ಳಿಯ ಆಸ್ಪತ್ರೆಯಲ್ಲಿ ಮೊದಲು ಬಳಕೆಗೆ ಬಂದ ಬಹ್ಮನಿ ಇದೆ. ಇವುಗಳ ಕೋಡ್ ಎಲ್ಲರಿಗೂ ತೆರೆದಿದೆ. ಬೇಕಾದವರು ತಮ್ಮ ಭಾಷೆ ಸೇರಿಸಿಕೊಳ್ಳಬಹುದು.

ಒಂದು ಎಚ್ಚರಿಕೆಯ ಮಾತು. ಈ ದಾರಿ ತೋರಿಸುವ ಪಾಠಗಳನ್ನು ಎಷ್ಟೋ ಸಲ ಬೇರೆ ಕಂಪನಿಯಿಂದ ಕೊಂಡು ಇಎಂಆರ್ ಮೇಲೆ ಅಂಟಿಸುತ್ತಾರೆ. ರೋಗಿಯ ಹೆಸರು, ಕಾಯಿಲೆ ಕಾಣುವ ಪರದೆಯ ಮೇಲೇ ಅದೂ ಕೂತಿರುತ್ತದೆ. ಅದು ಏನು ನೋಡುತ್ತದೆ, ಎಲ್ಲಿಗೆ ಕಳಿಸುತ್ತದೆ ಅಂತ ಆಸ್ಪತ್ರೆಯವರು ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಬೇಕು. ನಮ್ಮ ದೇಶದಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯೇ ಆಗಿದೆ. ಯಾವ ಸಿಸ್ಟರ್ ಯಾವ ಪಾಠದಲ್ಲಿ ಎಷ್ಟು ಹೊತ್ತು ನಿಂತರು ಅನ್ನುವ ಲೆಕ್ಕವೂ ಈ ಪಾಠಗಳಿಂದ ಸಿಗುತ್ತದೆ. ಆ ಲೆಕ್ಕ ಪಾಠ ತಿದ್ದಲು ಬಳಕೆಯಾಗಲಿ. ಯಾರದೋ ಇನ್‌ಕ್ರಿಮೆಂಟ್ ತಡೆಯಲು ಅಲ್ಲ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಹೆದರಿದವರು ಕಲಿಯುವುದಿಲ್ಲ, ಸ್ಕಿಪ್ ಒತ್ತುತ್ತಾರೆ.

ಪಾಠ ಬರೆದ ಮೇಲೆ ಅದನ್ನು ನೋಡಿಕೊಳ್ಳುವವರೂ ಬೇಕು. ಡಬ್ಬಿಯಿಂದ ಬಟನ್ ಕಡೆ ತೋರಿಸುವ ಬಾಣದ ಗುರುತುಗಳು ಪರದೆಯ ಒಂದೊಂದು ಬಟನ್ನಿಗೆ ಒಳಗಿನಿಂದ ಕಟ್ಟಿಕೊಂಡಿರುತ್ತವೆ. ಸಾಫ್ಟ್‌ವೇರ್ ಅಪ್‌ಡೇಟ್ ಆಗಿ ಬಟನ್ ಜಾಗ ಬಿಟ್ಟರೆ ಬಾಣ ಖಾಲಿ ಜಾಗ ತೋರಿಸುತ್ತದೆ, ಇಲ್ಲವೇ ಪಾಠವೇ ನಿಂತುಹೋಗುತ್ತದೆ. ಒಂದು ಸಲ ತಪ್ಪು ಜಾಗ ತೋರಿಸಿದ ಪಾಠವನ್ನು ಸಿಬ್ಬಂದಿ ಮತ್ತೆ ನಂಬುವುದಿಲ್ಲ. ಅಪ್‌ಡೇಟ್ ಬಿಡುವ ಮೊದಲು ಎಲ್ಲ ಪಾಠಗಳನ್ನೂ ಒಮ್ಮೆ ನಡೆಸಿ ನೋಡಬೇಕು. ಈ ಕೆಲಸ ಯಾರದು ಅಂತ ಆಸ್ಪತ್ರೆ ಮತ್ತು ಕಂಪನಿಯ ನಡುವಿನ ಒಪ್ಪಂದದಲ್ಲೇ ಬರೆದಿಡಬೇಕು.

ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಕೂತು ಇಂಥ ಸಾಫ್ಟ್‌ವೇರ್ ಮಾಡುವವರು ಯಾರಾದರೂ ಈ ಮಾತು ಕೇಳುತ್ತಿದ್ದರೆ, ನಿಮ್ಮ ಪಾಠ ಓದುವವರು ಇದೇ ಊರಿನಲ್ಲಿ, ಒಂದು ಬಸ್ಸಿನ ದೂರದಲ್ಲಿ ಇದ್ದಾರೆ. ಆಸ್ಪತ್ರೆಯ ಒಪ್ಪಿಗೆ ಪಡೆದು ಒಂದು ನೈಟ್ ಡ್ಯೂಟಿ ಅವರ ಜೊತೆ ಕೂರಿ. ರಾತ್ರಿ ಎಂಟಕ್ಕೆ ಒಬ್ಬರು ಇನ್ನೊಬ್ಬರಿಗೆ ಡ್ಯೂಟಿ ಒಪ್ಪಿಸುವ ಹ್ಯಾಂಡೋವರಿನಿಂದ ಬೆಳಗಿನ ಹ್ಯಾಂಡೋವರ್ ತನಕ. ಅವರು ಎಲ್ಲಿ ನಿಂತರು, ಯಾವಾಗ ಪಕ್ಕದವರನ್ನು ಕರೆದು "ಇದೆಲ್ಲಿ ಒತ್ತೋದು?" ಅಂತ ಕೇಳಿದರು, ಅದನ್ನಷ್ಟೇ ಬರೆದುಕೊಳ್ಳಿ. ರೋಗಿಗಳ ವಿವರ ಬೇಡ. ಪಾಠ ಬರೆಯಲು ಆ ಪ್ರಶ್ನೆಗಳಿಂದಲೇ ಶುರು ಮಾಡಿ.

ನಮಸ್ಕಾರ.