ಚಪಾತಿ ಮಣೆ ಮೇಲೆ ಏರೋಪ್ಲೇನ್

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಮಾತಾಡೋದು ಒಂದು ಕಬ್ಬಿಣದ ಸ್ಟ್ಯಾಂಡ್ ಬಗ್ಗೆ. ಹತ್ತು ನಿಮಿಷ ಒಂದು ಸ್ಟ್ಯಾಂಡ್ ಬಗ್ಗೆ ಏನ್ ಮಾತಾಡ್ತಾನಪ್ಪಾ ಇವನು ಅಂತ ರೇಡಿಯೋ ಆಫ್ ಮಾಡ್ಬೇಡಿ, ಸ್ವಲ್ಪ ಕೇಳಿ.

ಮನೇಲಿ ಕಂಪ್ಯೂಟರ್ ಮುಂದೆ ಕೂತು ವಿಮಾನ ಹಾರಿಸೋ ಹುಚ್ಚು ಒಂದಿದೆ, ಫ್ಲೈಟ್ ಸಿಮ್ಯುಲೇಷನ್ ಅಂತಾರೆ. ಹೊಸದೇನಲ್ಲ, ಮೈಕ್ರೋಸಾಫ್ಟ್‌ನವರ ಮೊದಲ್ನೇ ಫ್ಲೈಟ್ ಸಿಮ್ಯುಲೇಟರ್ ಬಂದಿದ್ದು 1982ರಲ್ಲಿ, ಆಗ ನೆಲ ಅಂದ್ರೆ ನಾಲ್ಕು ಗೆರೆ ಅಷ್ಟೇ. ಈಗ 2024ರ ವರ್ಷನ್‌ನಲ್ಲಿ ಮಳೆ ಮೋಡ ಎಲ್ಲಾ ನಿಜದ ಥರಾನೇ ಕಾಣುತ್ತೆ. ದುಡ್ಡು ಬೇಡ ಅನ್ನೋರಿಗೆ ಫ್ಲೈಟ್‌ಗಿಯರ್ ಅಂತ ಪೂರ್ತಿ ಫ್ರೀ ಇರೋದೂ ಇದೆ. ನಾನು ಶುರು ಮಾಡಿದ್ದು ಅದರಲ್ಲೇ, ಕೀಬೋರ್ಡ್‌ನಲ್ಲಿ. ಕೀಬೋರ್ಡ್‌ನಲ್ಲಿ ವಿಮಾನ ಇಳಿಸೋದು ಅಂದ್ರೆ ಕೈಗೆ ಬಾಕ್ಸಿಂಗ್ ಗ್ಲೌಸ್ ಹಾಕ್ಕೊಂಡು ಸೂಜಿಗೆ ದಾರ ಪೋಣಿಸಿದ ಹಾಗೆ. ಅದಕ್ಕೆ ಆರು ತಿಂಗಳು ಸೇರಿಸಿ ಒಂದು ಜಾಯ್‌ಸ್ಟಿಕ್ ತಗೊಂಡೆ, ವಿಮಾನನ ಮೇಲೆ ಕೆಳಗೆ, ಎಡ ಬಲ ವಾಲಿಸೋ ಹಿಡಿ ಅದು.

ತಗೊಂಡು ಟೇಬಲ್ ಮೇಲೆ ಇಟ್ಟೆ. ಅಲ್ಲೇ ತೊಂದ್ರೆ ಶುರುವಾಗಿದ್ದು.

ನಮ್ಮನೆ ಟೇಬಲ್ ತೆಳು ಪ್ಲೈವುಡ್‌ದು, ಮೇಲೆ ಮಾನಿಟರ್ ಕೂಡ ಅದೇ ಟೇಬಲ್‌ನಲ್ಲಿ. ಸ್ಟಿಕ್ ಎಳೆದ್ರೆ ಟೇಬಲ್ ಅಲ್ಲಾಡುತ್ತೆ, ಟೇಬಲ್ ಅಲ್ಲಾಡಿದ್ರೆ ಮಾನಿಟರ್ ಅಲ್ಲಾಡುತ್ತೆ, ನಾನು ಗಾಳಿ ಜೋರಾಗಿದೆ ಅಂತ ತಿಳ್ಕೊಂಡು ಇನ್ನೂ ಜೋರಾಗಿ ಎಳೀತೀನಿ. ಮಂಗಳೂರು ರನ್‌ವೇ ಗೊತ್ತಲ್ವಾ, ಬಜ್ಪೆ, ಗುಡ್ಡದ ತಲೆ ಕತ್ತರಿಸಿ ಮಾಡಿರೋ ಟೇಬಲ್‌ಟಾಪ್, 2450 ಮೀಟರ್. ಅಲ್ಲಿ ಇಳಿಸೋಕೆ ಹೋಗಿ ಎಷ್ಟು ಸಲ ಗುಡ್ಡದ ಕೆಳಗೆ ಹೋಗಿದೀನೋ ಲೆಕ್ಕ ಇಲ್ಲ. ನನಗೆ ಈ ವಿದ್ಯೆ ಒಲಿಯಲ್ಲ ಅಂತಾನೇ ಅನ್ಕೊಂಡಿದ್ದೆ, ಇಲ್ಲಾ ಇನ್ನೂ ದುಬಾರಿ ಸ್ಟಿಕ್ ಬೇಕೇನೋ ಅಂತ.

ಆಮೇಲೆ ಅಡುಗೆ ಮನೆಯಿಂದ ಚಪಾತಿ ಮಣೆ ತಂದೆ. ತೊಡೆ ಮೇಲೆ ಮಣೆ, ಮಣೆ ಮೇಲೆ ಸ್ಟಿಕ್, ಸುತ್ತ ಎರಡು ರೌಂಡ್ ಪ್ಯಾಕಿಂಗ್ ಟೇಪ್. ಎತ್ತರ ಏನೋ ಸರಿ ಹೋಯ್ತು, ಆದ್ರೆ ಮಣೆ ಅಲ್ಲಾಡ್ತಾ ಇತ್ತು, ಸಾಲದ್ದಕ್ಕೆ ಅಮ್ಮ ರಾತ್ರಿ ಎಂಟು ಗಂಟೆಗೆ ಸರಿಯಾಗಿ, ನಾನು ಲ್ಯಾಂಡಿಂಗ್‌ಗೆ ಬರೋ ಹೊತ್ತಿಗೇ, "ಮಣೆ ಕೊಡೋ, ಹಿಟ್ಟು ನೆಂದಿದೆ" ಅನ್ನೋರು.

ಎತ್ತರದ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದನ್ನ ಯಾರೂ ಅಳೆದು ನೋಡಲ್ಲ. ಸಾಮಾನ್ಯ ಟೇಬಲ್ ನೆಲದಿಂದ ಸುಮಾರು 75 ಸೆಂಟಿಮೀಟರ್ ಇರುತ್ತೆ. ಅದರ ಮೇಲೆ ಸ್ಟಿಕ್ ಒಂದು 20 ಸೆಂಟಿಮೀಟರ್ ಅಂದ್ರೆ ನಿಮ್ಮ ಮುಷ್ಟಿ 90 ದಾಟಿ ಹೋಯ್ತು. ಕುರ್ಚಿ ಸೀಟು 45, ಮೊಣಕೈ ಎಲ್ಲೋ 65, 70ರಲ್ಲಿ ಇರುತ್ತೆ. ಅಂದ್ರೆ ಕೈಯನ್ನ ಒಂದು ಗೇಣು ಮೇಲಕ್ಕೆ ಎತ್ತಿಕೊಂಡೇ ಹಾರಿಸ್ಬೇಕು. ಬೆಂಗಳೂರಿಂದ ದೆಹಲಿಗೆ ಹಾಗೆ ಹೋಗಿ ನೋಡಿ, ಭುಜ ಕಳಚಿ ಬೀಳುತ್ತೆ. ಯುದ್ಧವಿಮಾನ, ಗ್ಲೈಡರ್, ಟ್ರೈನಿಂಗ್ ವಿಮಾನ ಇವುಗಳಲ್ಲೆಲ್ಲಾ ಸ್ಟಿಕ್ ಸಾಮಾನ್ಯವಾಗಿ ಇರೋದು ಎರಡು ಮಂಡಿಗಳ ಮಧ್ಯೆ. ಸೆಸ್ನಾ ಅನ್ನೋ ಪುಟ್ಟ ವಿಮಾನದಲ್ಲಿ ಸ್ಟಿಕ್ ಬದಲು ಯೋಕ್ ಅಂತ ಕಾರಿನ ಸ್ಟೀರಿಂಗ್ ಅರ್ಧ ಕತ್ತರಿಸಿದ ಹಾಗಿರೋದು ಇರುತ್ತೆ, ಅದೂ ಎದೆ ಎತ್ತರಕ್ಕೆ ಬರಲ್ಲ, ತೊಡೆಗಿಂತ ಸ್ವಲ್ಪ ಮೇಲೆ ಅಷ್ಟೇ.

ನನಗೆ ಇದನ್ನೆಲ್ಲಾ ಹೇಳಿಕೊಟ್ಟಿದ್ದು ಕೆಳಗಿನ ಮನೆ ಅಂಕಲ್. ನಾವಿರೋದು ಬೆಂಗಳೂರಿನ ಎಚ್‌ಎಎಲ್ ವಿಮಾನ ಕಾರ್ಖಾನೆ ಕಡೆ, ನಮ್ಮ ಬೀದೀಲಿ ರಿಟೈರ್ ಆದೋರಲ್ಲಿ ಅರ್ಧ ಜನ ಎಚ್‌ಎಎಲ್‌ನೋರೇ. ಈ ಅಂಕಲ್ ಕಿರಣ್ ವಿಮಾನದಲ್ಲಿ ಕೆಲಸ ಮಾಡಿದೋರು. ಕಿರಣ್ ಅಂದ್ರೆ ನಮ್ಮ ಬೆಂಗಳೂರಲ್ಲೇ ಹುಟ್ಟಿದ ಜೆಟ್ ಟ್ರೈನರ್, ಮೊದಲು ಹಾರಿದ್ದು 1964ರಲ್ಲಿ, 1996ರಿಂದ 2011ರವರೆಗೆ ವಾಯುಪಡೆಯ ಸೂರ್ಯಕಿರಣ್ ತಂಡದವರು ಆಕಾಶದಲ್ಲಿ ಚಿತ್ತಾರ ಬಿಡಿಸ್ತಾ ಇದ್ದಿದ್ದು ಇದರಲ್ಲೇ. ಅಂಕಲ್ ಕೆಲಸ ಸ್ಟಿಕ್‌ನಿಂದ ರೆಕ್ಕೆವರೆಗೂ ಹೋಗೋ ರಾಡುಗಳನ್ನ ಜೋಡಿಸಿ, ಸ್ಟಿಕ್ ಇಷ್ಟು ವಾಲಿಸಿದ್ರೆ ಅಲ್ಲಿ ಇಷ್ಟು ಅಲ್ಲಾಡ್ಬೇಕು ಅಂತ ಚೆಕ್ ಮಾಡೋದು. ನೆಲದ ಮೇಲೆ ಸಾವಿರ ಸಲ ಸ್ಟಿಕ್ ಆಡಿಸಿದಾರೆ, ಒಂದು ಸಲನೂ ಹಾರಿಲ್ಲ.

ಒಂದಿನ ಬಾಡಿಗೆ ವಿಷಯಕ್ಕೆ ಮೇಲೆ ಬಂದೋರು ನನ್ನ ಮಣೆ ನೋಡಿ ಹತ್ತು ನಿಮಿಷ ನಕ್ಕರು. ಆಮೇಲೆ ಹೇಳಿದ್ರು, "ಅಲ್ಲಪ್ಪಾ, ಕಣ್ಮುಚ್ಚಿಕೊಂಡು ಕೈ ಚಾಚು ನೋಡೋಣ, ಥ್ರಾಟಲ್ ಎಲ್ಲಿದೆ?" ಥ್ರಾಟಲ್ ಅಂದ್ರೆ ಇಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡೋ ಹಿಡಿ. ಚಾಚಿದೆ, ಕಾಫಿ ಲೋಟ ಉರುಳಿತು. "ನಿನ್ನ ಕೈಗೆ ಮೊದಲು ಮನೆ ಕಟ್ಟಿಕೊಡು, ಆಮೇಲೆ ಮಂಗಳೂರಿಗೆ ಹೋಗುವಂತೆ" ಅಂದ್ರು.

ಪೈಲಟ್ ಟ್ರೈನಿಂಗ್‌ನಲ್ಲಿ ಈ ಥರ ಒಂದು ಹಳೇ ಪರೀಕ್ಷೆ ಇದೆಯಂತೆ, ಕಣ್ಣಿಗೆ ಬಟ್ಟೆ ಕಟ್ಟಿ ಕಾಕ್‌ಪಿಟ್‌ನಲ್ಲಿ ಕೂರಿಸ್ತಾರೆ, ರೆಕ್ಕೆಯ ಫ್ಲ್ಯಾಪ್ಸ್ ಇಳಿಸೋ ಹಿಡಿ ಎಲ್ಲಿ, ಚಕ್ರ ಇಳಿಸೋ ಗೇರ್ ಎಲ್ಲಿ ಅಂತ ಕೇಳ್ತಾರೆ, ತಡಕದೇ ನೇರವಾಗಿ ಕೈ ಇಡಬೇಕು. ನಮ್ಮಜ್ಜಿ ಕರೆಂಟ್ ಹೋದ್ರೂ ಸಾಸಿವೆ ಡಬ್ಬಿಗೇ ಕೈ ಹಾಕ್ತಾ ಇದ್ರಲ್ಲ, ಅದೇ. ಆದ್ರೆ ಅಜ್ಜಿ ಡಬ್ಬಿ ಒಂದಿನನೂ ಜಾಗ ಬದಲಾಯಿಸ್ತಾ ಇರಲಿಲ್ಲ. ನನ್ನ ಸ್ಟಿಕ್ ದಿನಾ ಒಂದೊಂದು ಕಡೆ, ಇನ್ನು ಕೈ ಕಲಿಯೋದಾದ್ರೂ ಏನನ್ನ?

ಇನ್ನೊಂದು ಸ್ವಾರಸ್ಯ ಹೇಳ್ತೀನಿ. ಸಿಮ್ಯುಲೇಟರ್ ಅಂದ್ರೆ ನಾವೀಗ ಪರದೆ, ಗ್ರಾಫಿಕ್ಸ್ ಕಾರ್ಡ್ ಅಂತೀವಲ್ಲ, 1929ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್ಟನ್ ಅನ್ನೋ ಊರಲ್ಲಿ ಎಡ್ವಿನ್ ಲಿಂಕ್ ಮಾಡಿದ ಟ್ರೈನರ್‌ನಲ್ಲಿ ಚಿತ್ರವೇ ಇರಲಿಲ್ಲ. ಅವರಪ್ಪಂದು ಪಿಯಾನೋ, ಆರ್ಗನ್ ಮಾಡೋ ಕಾರ್ಖಾನೆ, ಮಗ ಆ ಆರ್ಗನ್ ತಿದಿಗಳನ್ನೇ, ನಮ್ಮ ಹಾರ್ಮೋನಿಯಂ ತಿದಿ ಥರದ್ದು, ಒಂದು ಪುಟ್ಟ ವಿಮಾನದ ಆಕಾರದ ಪೆಟ್ಟಿಗೆ ಕೆಳಗೆ ಇಟ್ಟು ಗಾಳಿ ತುಂಬಿಸಿ, ಗಾಳಿ ತೆಗೆದು ಅದನ್ನ ವಾಲಿಸ್ತಾ ಇದ್ದ. ಮುಚ್ಚಳ ಹಾಕಿದ್ರೆ ಒಳಗೆ ಸ್ಟಿಕ್ಕು, ಪೆಡಲ್ಲು, ಮೀಟರ್‌ಗಳು ಅಷ್ಟೇ. ಎರಡನೇ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ಪೈಲಟ್‌ಗಳು ಆ ಪೆಟ್ಟಿಗೆಯಲ್ಲಿ ಕೂತು ಕಲಿತರು. ನಾವು ಗ್ರಾಫಿಕ್ಸ್ ಕಾರ್ಡ್‌ಗೆ ಅರ್ಧ ಲಕ್ಷ ಸುರಿದು ಸ್ಟಿಕ್‌ನ ಮಣೆ ಮೇಲೆ ಇಡ್ತೀವಿ.

ಸರಿ, ಸ್ಟ್ಯಾಂಡ್. ಅಂಗಡೀಲಿ ಸಿಗುತ್ತೆ, ಮಡಚೋ ಥರದ್ದು, ಚೆನ್ನಾಗಿರುತ್ತೆ, ರೇಟ್ ನೋಡಿದ್ರೆ ಸ್ಟಿಕ್‌ಗಿಂತ ಜಾಸ್ತಿ. ನಾನು ಒಂದು ಪೇಪರ್‌ನಲ್ಲಿ ಗೀಚಿಕೊಂಡು ನಮ್ಮ ರೋಡ್ ಕೊನೇಲಿರೋ ವೆಲ್ಡಿಂಗ್ ಶಾಪ್‌ಗೆ ಹೋದೆ. ಅವನು ನೋಡಿ "ಇದೇನ್ ಸಾರ್, ವೀಣೆ ಇಡೋಕಾ?" ಅಂದ. ಒಂದಿಂಚು ಸ್ಕ್ವೇರ್ ಪೈಪ್, ಕೆಳಗೆ ಇಂಗ್ಲಿಷ್‌ನ ಎಚ್ ಅಕ್ಷರದ ಹಾಗೆ ಮಲಗಿಸಿರೋ ಬೇಸ್, ಮಧ್ಯದಲ್ಲಿ ಒಂದು ಕಂಬ, ಅದರೊಳಗೆ ಜಾರೋ ಇನ್ನೊಂದು ಪೈಪ್, ಬೇಕಾದ ಎತ್ತರಕ್ಕೆ ತಿರುಗಿಸಿ ಬಿಗಿ ಮಾಡೋಕೆ ಒಂದು ಬೋಲ್ಟು, ತಲೆ ಮೇಲೆ ಹದಿನೆಂಟು ಎಂಎಂ ಪ್ಲೈವುಡ್ ತುಂಡು. ಥ್ರಾಟಲ್‌ಗೆ ಎಡಗಡೆ ಒಂದು ತೋಳು. ಪೇಂಟ್ ಸೇರಿ ಎರಡು ಸಾವಿರದ ನಾನೂರು ಆಯ್ತು.

ಮೊದಲ್ನೇ ದಿನ ಒಂದು ತಮಾಷೆ. ಸ್ಟ್ಯಾಂಡ್ ಗಟ್ಟಿಯಾಗಿ ನಿಂತಿದೆ, ವಿಮಾನದ ಮೂತಿ ಎಡ ಬಲ ತಿರುಗಿಸೋಕೆ ಕಾಲ ಕೆಳಗೆ ಇರೋ ರಡ್ಡರ್ ಪೆಡಲ್ ಒತ್ತಿದೆ, ನಾನೇ ಹಿಂದಕ್ಕೆ ಹೋದೆ! ಟೈಲ್ಸ್ ನೆಲ, ಚಕ್ರದ ಕುರ್ಚಿ, ಪೆಡಲ್ ಮುಂದಕ್ಕೆ ಒತ್ತಿದ್ರೆ ಅದು ನಮ್ಮನ್ನ ಹಿಂದಕ್ಕೆ ಒತ್ತುತ್ತೆ, ಶಾಲೇಲಿ ಹೇಳಿಕೊಟ್ಟ ನ್ಯೂಟನ್ ನಿಯಮ ಅವತ್ತು ಅರ್ಥ ಆಯ್ತು. ಟೇಕಾಫ್ ಅರ್ಧದಲ್ಲಿ ನಾನು ಬೀರು ಹತ್ರ ಇದ್ದೆ. ಕುರ್ಚಿ ಚಕ್ರಗಳ ಕೆಳಗೆ ಹಳೇ ಹವಾಯಿ ಚಪ್ಪಲಿ ಇಟ್ಟು ನೋಡಿದೆ, ಆಗಲಿಲ್ಲ. ಕೊನೆಗೆ ಸ್ಟ್ಯಾಂಡ್ ಬೇಸ್‌ನ ಹಿಂದಕ್ಕೆ ಉದ್ದ ಮಾಡಿಸಿ, ಪೆಡಲ್‌ನ ಅದಕ್ಕೇ ಬೋಲ್ಟ್ ಹಾಕಿ, ಕುರ್ಚೀನೂ ಆ ಪೈಪ್‌ಗೇ ಒಂದು ಬೆಲ್ಟ್‌ನಲ್ಲಿ ಕಟ್ಟಿದೆ. ಈಗ ನಾನು, ಪೆಡಲ್ಲು, ಸ್ಟಿಕ್ಕು ಎಲ್ಲಾ ಒಂದೇ ಚೌಕಟ್ಟು, ಜಾರಿದ್ರೆ ಎಲ್ಲರೂ ಒಟ್ಟಿಗೆ.

ಸ್ಟ್ಯಾಂಡ್ ಆದ್ಮೇಲೆ ಸ್ಟಿಕ್‌ಗೆ 10 ಸೆಂಟಿಮೀಟರ್ ಎಕ್ಸ್‌ಟೆನ್ಷನ್ ಕೂಡ ಹಾಕಿಸಿದೆ. ಇದರ ಲೆಕ್ಕ ಸುಲಭ. 20 ಸೆಂಟಿಮೀಟರ್ ಸ್ಟಿಕ್ 20 ಡಿಗ್ರಿ ವಾಲೋಕೆ ಕೈ ಸುಮಾರು 7 ಸೆಂಟಿಮೀಟರ್ ಹೋಗ್ಬೇಕು, 30 ಸೆಂಟಿಮೀಟರ್ ಸ್ಟಿಕ್‌ಗೆ 10. ಅದೇ ವಾಲಿಕೆಗೆ ಕೈಗೆ ಓಡಾಡೋಕೆ ಜಾಸ್ತಿ ಜಾಗ ಸಿಕ್ಕಿತು ಅಂದ್ರೆ ಕೂದಲೆಳೆಯಷ್ಟು ತಿದ್ದೋದು ಸುಲಭ. ಸೆಸ್ನಾ 172ನ 65 ನಾಟ್‌ನಲ್ಲಿ, ಅಂದ್ರೆ ಗಂಟೆಗೆ ಸುಮಾರು 120 ಕಿಲೋಮೀಟರ್ ವೇಗದಲ್ಲಿ, ಇಳಿಸುವಾಗ ಬೇಕಾಗಿರೋದು ಅದೇ. ಆದ್ರೆ ಉದ್ದ ಆದಷ್ಟೂ ಬುಡದ ಮೇಲೆ ಸನ್ನೆಕೋಲಿನ ಥರ ಭಾರ ಬೀಳುತ್ತೆ, ಟೇಬಲ್ ಮೇಲೆ ಸುಮ್ನೆ ಇಟ್ಟಿದ್ರೆ ಬುಡವೇ ಎದ್ದು ಬರುತ್ತೆ. ಹಾಗಾಗಿ ಸ್ಟ್ಯಾಂಡ್ ಇಲ್ದೆ ಎಕ್ಸ್‌ಟೆನ್ಷನ್ ತಗೋಬೇಡಿ, ದಂಡ.

ಏರ್‌ಬಸ್ ಇಷ್ಟಪಡೋರಿಗೆ ಒಂದು ಮಾತು. ಏ320ಯಲ್ಲಿ ಕ್ಯಾಪ್ಟನ್ ಕೂರೋದು ಎಡ ಸೀಟಲ್ಲಿ, ಸ್ಟಿಕ್ ಇರೋದು ಅವರ ಎಡಗೈಗೆ, ಥ್ರಾಟಲ್ ಬಲಗೈಗೆ. ನಾವು ಬಲಗೈಯವರು ಅಂತ ಸ್ಟಿಕ್ ಬಲಕ್ಕೆ ಇಟ್ಕೊಂಡು ಕ್ಯಾಪ್ಟನ್ ಅಂತ ಮೆರೀತೀವಿ, ಅದು ಕೋ-ಪೈಲಟ್ ಕೂರೋ ರೀತಿ. ನನ್ನ ಸ್ಟ್ಯಾಂಡ್‌ನ ತೋಳನ್ನ ಎರಡೂ ಕಡೆ ಹಾಕೋ ಹಾಗೆ ತೂತು ಕೊರೆಸಿದೀನಿ, ಎಡಗೈಯಲ್ಲಿ ಕಲಿಯೋಕೆ ಎರಡು ವಾರ ಒದ್ದಾಡಿದೆ.

ಬಜ್ಪೆಯಲ್ಲಿ ಈಗ ಇಳೀತೀನಿ. ಪ್ರತಿ ಸಲ ಅಂತ ಹೇಳಲ್ಲ. ಆದ್ರೆ ತಪ್ಪು ಮಾಡಿದಾಗ ಅದು ನನ್ನ ತಪ್ಪೋ ಟೇಬಲ್ ತಪ್ಪೋ ಅಂತ ಅನುಮಾನ ಇರಲ್ಲ, ನಂದೇ.

ಸ್ಟ್ಯಾಂಡ್ ಕೆಲಸ ಮುಗಿದ ದಿನ ಅಂಕಲ್‌ನ ಕರೆದೆ. ಕೂತ್ರು, ಕನ್ನಡಕ ತೆಗೆದು ಜೇಬಲ್ಲಿ ಇಟ್ರು, ಕಣ್ಮುಚ್ಚಿದ್ರು, ಬಲಗೈ ಚಾಚಿದ್ರು. ಕೈ ಬಂದು ನಿಂತಿದ್ದು ಸ್ಟಿಕ್‌ಗಿಂತ ಎರಡಿಂಚು ಹಿಂದೆ, ಸ್ವಲ್ಪ ಕೆಳಗೆ, ಬರೀ ಗಾಳೀಲಿ. "ಇಲ್ಲಿರ್ಬೇಕು ಕಣಪ್ಪಾ" ಅಂದ್ರು. ರಿಟೈರ್ ಆಗಿ ಹದಿನಾಲ್ಕು ವರ್ಷ ಆಗಿದೆ ಅವರಿಗೆ. ನಾನು ಬೋಲ್ಟ್ ಸಡಿಲ ಮಾಡಿ ಅವರ ಕೈ ಇರೋ ಜಾಗಕ್ಕೇ ಸ್ಟಿಕ್ ತಂದು ನಿಲ್ಲಿಸಿದೆ.

ಈಗ ಕಂಬದ ಪೈಪ್ ಮೇಲೆ ನೇಲ್ ಪಾಲಿಷ್‌ನಲ್ಲಿ ಎರಡು ಗುರುತು ಇದೆ. ಮೇಲಿನ ಗುಲಾಬಿದು ನಂದು, ಕೆಳಗಿನ ಕೆಂಪು ಅಂಕಲ್‌ದು. ಭಾನುವಾರ ಬೆಳಿಗ್ಗೆ ತಿಂಡಿ ಆದ್ಮೇಲೆ ಸ್ಟಿಕ್ ಕೆಂಪು ಗುರುತಲ್ಲೇ ಇರುತ್ತೆ, ಜಕ್ಕೂರಿಂದ ಮೇಲೆದ್ದು ನಂದಿ ಬೆಟ್ಟ ಒಂದು ಸುತ್ತು ಹಾಕ್ಕೊಂಡು ಬರ್ತಾರೆ, ನಾನು ಮಂಚದ ಮೇಲೆ ಕೂತು ನನ್ನ ಪಾಳಿ ಯಾವಾಗ ಬರುತ್ತೋ ಅಂತ ಕಾಯ್ತಾ ಇರ್ತೀನಿ. ನಮಸ್ಕಾರ.