ಡಿಸ್ನಿ ವರ್ಲ್ಡ್ ಹಾಳಾಗಿಲ್ಲ, ಆದರೆ ಕ್ಯೂ ಮಾರಾಟಕ್ಕಿದೆ

ನಮಸ್ಕಾರ. ಇವತ್ತಿನ ವಿಷಯ ಕೇಳಿ ಕೆಲವರಿಗೆ ನಗು ಬರಬಹುದು. ಕಾಸರಗೋಡಿನಲ್ಲಿ ಕೂತು ಫ್ಲೋರಿಡಾದ ಡಿಸ್ನಿ ವರ್ಲ್ಡ್ ಅನ್ನುವ ಮನರಂಜನಾ ಪಾರ್ಕಿನ ಬಗ್ಗೆ ಎಂಥ ಮಾತು ಅಂತ. ಆದರೆ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಒಂದು ಸುತ್ತು ಹಾಕಿ ಬನ್ನಿ. ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ಎಷ್ಟು ಬೇಕು? ಅಡಿಕೆ ಕೆಲಸ ಒಂದು ಹಂತಕ್ಕೆ ತಂದು, ಕೀಲಿ ಪಕ್ಕದ ಮನೆಯಲ್ಲಿ ಕೊಟ್ಟು, ಮೊಮ್ಮಕ್ಕಳನ್ನು ನೋಡಲು ಹೊರಡುವ ಅಪ್ಪ ಅಮ್ಮಂದಿರು. ಮಗ ಅಲ್ಲಿಂದಲೇ ಫೋನಿನಲ್ಲಿ ಹೇಳಿರುತ್ತಾನೆ, "ಈ ಸಲ ಡಿಸ್ನಿ ವರ್ಲ್ಡ್ ನೋಡಲು ಒರ್ಲಾಂಡೋಗೆ ಹೋಗುವ."

ಈಗ ಆ ಮಕ್ಕಳಿಗೇ ಡೌಟು ಶುರುವಾಗಿದೆ. ಡಿಸ್ನಿ ವರ್ಲ್ಡ್ ಮೊದಲಿನ ಹಾಗಿಲ್ಲವಂತೆ, ಹೌದಾ? ಅಷ್ಟು ದುಡ್ಡು ಸುರಿಯುವುದು ದಂಡವಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ರೈಡುಗಳು ಹಾಳಾಗಿಲ್ಲ. ಹಾಳಾಗಿರುವುದು ವ್ಯವಹಾರ. ಗೇಟಿನಲ್ಲಿ ದುಡ್ಡು ಕೊಟ್ಟು ಒಳಗೆ ಹೋದ ಮೇಲೂ ಕಂಪನಿಯ ಕೈ ನಿಮ್ಮ ಜೇಬಿನಲ್ಲೇ ಇರುತ್ತದೆ. ಜನ ಬೈಯುತ್ತಿರುವುದು ಇದಕ್ಕೆ, ಮತ್ತು ಬೈಯುವುದರಲ್ಲಿ ನ್ಯಾಯ ಇದೆ.

ಸ್ವಲ್ಪ ಲೆಕ್ಕ ನೋಡೋಣ. ಡಿಸ್ನಿ ವರ್ಲ್ಡ್ ಬಾಗಿಲು ತೆರೆದದ್ದು 1971ರ ಅಕ್ಟೋಬರ್ 1ರಂದು. ಆಗ ಇದ್ದದ್ದು ಮ್ಯಾಜಿಕ್ ಕಿಂಗ್‌ಡಮ್ ಒಂದೇ ಪಾರ್ಕು. ದೊಡ್ಡವರ ಪ್ರವೇಶಕ್ಕೆ ಮೂರೂವರೆ ಡಾಲರ್. ಬೆಲೆ ಏರಿಕೆ ಸೇರಿಸಿದರೆ ಇವತ್ತಿನ ಸುಮಾರು 28 ಡಾಲರ್ ಆಗುತ್ತದೆ. 2025ರ ಕ್ರಿಸ್‌ಮಸ್ ಹೊತ್ತಿಗೆ ಅದೇ ಪಾರ್ಕಿನ ಒಂದು ದಿನದ ಟಿಕೆಟ್ 199 ಡಾಲರ್. ಡಾಲರಿಗೆ 85 ರೂಪಾಯಿ ಅಂತ ಹಿಡಿದರೂ ಒಬ್ಬರಿಗೆ ಹತ್ತಿರ ಹತ್ತಿರ 17 ಸಾವಿರ. ದೊಡ್ಡವರು ನಾಲ್ಕು ಜನ ಅಂದರೆ 68 ಸಾವಿರ. ಟ್ಯಾಕ್ಸ್ ಬೇರೆ, ಊಟ ಬೇರೆ, ಹೋಟೆಲ್ ಬೇರೆ.

ಆದರೆ ಇಲ್ಲಿ ಒಂದು ಮಾತು ಹೇಳದೆ ಬಿಟ್ಟರೆ ಮೋಸವಾಗುತ್ತದೆ. ಆ ಮೂರೂವರೆ ಡಾಲರಿನಲ್ಲಿ ರೈಡು ಬರುತ್ತಿರಲಿಲ್ಲ. ಅದಕ್ಕೆ ಬೇರೆ ಟಿಕೆಟ್ ಪುಸ್ತಕ. ಎ, ಬಿ, ಸಿ, ಡಿ, ಇ ಅಂತ ದರ್ಜೆ. ಸಣ್ಣಪುಟ್ಟ ರೈಡಿಗೆ ಎ ಚೀಟಿ, ಜಂಗಲ್ ಕ್ರೂಸ್, ಹಾಂಟೆಡ್ ಮ್ಯಾನ್ಶನ್ ಥರದ್ದಕ್ಕೆ ಇ ಚೀಟಿ. 1982ರಲ್ಲಿ ಎಪ್ಕಾಟ್ ಪಾರ್ಕು ಶುರುವಾಗುವ ಹೊತ್ತಿಗೆ ಈ ಚೀಟಿ ಪದ್ಧತಿ ಹೋಯಿತು. ಒಮ್ಮೆ ದುಡ್ಡು ಕೊಟ್ಟು ಒಳಗೆ ಬಂದರೆ ಮುಗಿಯಿತು, ಎಲ್ಲ ರೈಡೂ ನಿಮ್ಮದೇ. ನಾಲ್ಕು ದಶಕ ಕಳೆದ ಮೇಲೆ ಈಗ ಏನಾಗಿದೆ ಗೊತ್ತಾ? ಎಲ್ಲಕ್ಕಿಂತ ಬೇಡಿಕೆ ಇರುವ ರೈಡಿನ ಕ್ಯೂ ತಪ್ಪಿಸಿಕೊಳ್ಳಲು ಫೋನಿನಲ್ಲಿ ಮತ್ತೆ ಬೇರೆಯಾಗಿ ದುಡ್ಡು ಕಟ್ಟಬಹುದು. ಅಂದರೆ ಇ ಚೀಟಿ ಹಿಂದಿನ ಬಾಗಿಲಿನಿಂದ ವಾಪಸ್ ಬಂತು. ಈ ಸಲ ಪ್ರವೇಶ ದರ ಮಾತ್ರ ಮೂರೂವರೆ ಡಾಲರ್ ಅಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ಕ್ಯೂ ವಿಷಯದಲ್ಲಿ.

1999ರಲ್ಲಿ ಡಿಸ್ನಿಯವರು ಫಾಸ್ಟ್‌ಪಾಸ್ ಅಂತ ತಂದರು. ರೈಡಿನ ಹತ್ತಿರ ಒಂದು ಮೆಷಿನ್. ನಿಮ್ಮ ಪಾರ್ಕ್ ಟಿಕೆಟ್ ತುರುಕಿದರೆ ಒಂದು ಚೀಟಿ ಬರುತ್ತದೆ. "ಮಧ್ಯಾಹ್ನ ಇಷ್ಟು ಗಂಟೆಗೆ ಬನ್ನಿ, ಬೇರೆ ಸಾಲಿನಲ್ಲಿ ಬೇಗ ಬಿಡುತ್ತೇವೆ" ಅಂತ. ದುಡ್ಡಿಲ್ಲ, ಪೂರ್ತಿ ಉಚಿತ. ಬೇಗ ಎದ್ದವನಿಗೆ, ಚುರುಕಾಗಿ ಓಡಾಡಿದವನಿಗೆ ಸಿಗುತ್ತಿತ್ತು. ಆಮೇಲೆ ಅದು ಫೋನಿಗೆ ಬಂತು, ಆಗಲೂ ಉಚಿತವೇ. 2020ರಲ್ಲಿ ಕೊರೊನಾ ಬಂತು, ಪಾರ್ಕು ಮುಚ್ಚಿತು, ಫಾಸ್ಟ್‌ಪಾಸ್ ನಿಂತಿತು. 2021ರ ಅಕ್ಟೋಬರ್‌ನಲ್ಲಿ ಅದೇ ಸಾಲು ಹೊಸ ಹೆಸರಿನಲ್ಲಿ, ಒಬ್ಬರಿಗೆ ದಿನಕ್ಕೆ 15 ಡಾಲರಿಗೆ ಹಿಂದಿರುಗಿತು. ಎರಡೇ ವರ್ಷಕ್ಕೆ, ರಶ್ ಇರುವ ದಿನ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಅದು 39 ಡಾಲರ್ ಮುಟ್ಟಿತು. 2024ರ ಜುಲೈಯಲ್ಲಿ ಮತ್ತೆ ಹೆಸರು ಬದಲು, ಲೈಟ್ನಿಂಗ್ ಲೇನ್ ಮಲ್ಟಿ ಪಾಸ್. ಅದೇ ವರ್ಷ ಅಕ್ಟೋಬರ್‌ನಲ್ಲಿ ಪ್ರೀಮಿಯರ್ ಪಾಸ್ ಬಂತು. ಟೈಮ್ ನೋಡುವುದೂ ಬೇಡ, ಒಂದೊಂದು ರೈಡಿಗೆ ಒಮ್ಮೆ, ಯಾವಾಗ ಬೇಕಾದರೂ ಬೇಗದ ಸಾಲಿಗೆ ನುಗ್ಗಬಹುದು. ಒಂದು ದಿನಕ್ಕೆ, ಒಬ್ಬರಿಗೆ, ಒಂದು ಪಾರ್ಕಿಗೆ, ಪಾರ್ಕು ಮತ್ತು ದಿನ ನೋಡಿ ಆಗ 129ರಿಂದ 449 ಡಾಲರ್ ತನಕ. ಪ್ರವೇಶ ಟಿಕೆಟ್ ಇದರಲ್ಲಿ ಸೇರಿಲ್ಲ.

"ದುಡ್ಡಿದ್ದವನು ಕೊಡುತ್ತಾನೆ, ನಿಮಗೇನು ಕಷ್ಟ?" ಅಂತ ಕೇಳುವವರಿದ್ದಾರೆ. ಟೆಂಟ್ ಮೇಳದ ಯಕ್ಷಗಾನ ಆಟ ನೋಡಿದವರು ಈ ಪ್ರಶ್ನೆಗೆ ಸುಲಭವಾಗಿ ಉತ್ತರ ಹೇಳುತ್ತಾರೆ. ಅಲ್ಲೂ ದರ್ಜೆ ಇತ್ತು. ಮುಂದೆ ಈಸಿಚೇರ್, ಅದರ ಹಿಂದೆ ಕುರ್ಚಿ, ಕಡಿಮೆ ದುಡ್ಡಿನವರಿಗೆ ನೆಲ. ಆದರೆ ಚೆಂಡೆ ಎಲ್ಲರಿಗೂ ಒಟ್ಟಿಗೇ ಕೇಳುತ್ತಿತ್ತು. ಈಸಿಚೇರಿನವರು ಜಾಸ್ತಿ ಬಂದರು ಅಂತ ನೆಲದಲ್ಲಿ ಕೂತವನ ಆಟ ಎರಡು ಗಂಟೆ ತಡವಾಗುತ್ತಿರಲಿಲ್ಲ. ಲೈಟ್ನಿಂಗ್ ಲೇನ್ ಅನ್ನುವ ಈ ಬೇಗದ ಸಾಲು ಹಾಗಲ್ಲ. ಒಂದು ರೈಡು ಗಂಟೆಗೆ ಸಾವಿರ ಜನರನ್ನು ಕೂರಿಸುತ್ತದೆ ಅಂತ ಇಟ್ಟುಕೊಳ್ಳಿ. ದುಡ್ಡು ಕೊಟ್ಟ ಸಾಲಿನಿಂದ 700 ಜನ ಹೋದರೆ ನಿಮ್ಮ ಸಾಲಿಗೆ ಉಳಿಯುವುದು 300 ಸೀಟು. ನಿಮ್ಮ ಮುಂದೆ 600 ಜನ ಇದ್ದರೆ ಎರಡು ಗಂಟೆ ಕಾಯಬೇಕು. ಪಾಸ್ ಇಲ್ಲದಿದ್ದರೆ ಆ 700 ಜನವೂ ನಿಮ್ಮ ಮುಂದೆಯೇ ನಿಲ್ಲುತ್ತಿದ್ದರಲ್ವಾ ಅಂತ ಕೇಳಬಹುದು. ಎಲ್ಲರೂ ನಿಲ್ಲುತ್ತಿರಲಿಲ್ಲ. ಸಾಲಿನ ಉದ್ದ ನೋಡಿ ಎಷ್ಟೋ ಜನ ಬೇರೆ ಕಡೆ ನಡೆಯುತ್ತಿದ್ದರು. ಪಾಸ್ ಇದ್ದವನಿಗೆ ಆ ಉದ್ದ ಕಾಣುವುದೇ ಇಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಕ್ಯೂ ಸಣ್ಣದಾದರೆ ಪಾಸ್ ಯಾರು ಕೊಳ್ಳುತ್ತಾರೆ? ಹಿಂದೆ ಉದ್ದದ ಕ್ಯೂ ಕಂಪನಿಗೆ ತಲೆನೋವು. ಕ್ಯೂನಲ್ಲಿ ನಿಂತವನು ಅಂಗಡಿಯಲ್ಲಿ ಖರ್ಚು ಮಾಡುವುದಿಲ್ಲವಲ್ಲ. ಈಗ ಕ್ಯೂನಿಂದಲೇ ದುಡ್ಡು ಬರುತ್ತದೆ. ಬೇಕಂತಲೇ ಉದ್ದ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಅದನ್ನು ಸಣ್ಣದು ಮಾಡಲು ಒಳಗಿನಿಂದ ಅವಸರ ಎಲ್ಲಿಂದ ಬರಬೇಕು?

ಇದರ ಜೊತೆ ಸಣ್ಣ ಸಣ್ಣ ಕಡಿತಗಳು. ಏರ್‌ಪೋರ್ಟಿನಿಂದ ಡಿಸ್ನಿ ಹೋಟೆಲಿಗೆ ಉಚಿತ ಬಸ್ ಇತ್ತು, 2005ರಿಂದ. 2021ರ ಕೊನೆಗೆ ನಿಂತಿತು. ಹೋಟೆಲಿನಲ್ಲಿ ಉಳಿದವರಿಗೆ ಕೋಣೆಯ ಕೀಲಿ, ಪಾರ್ಕಿನ ಟಿಕೆಟ್ ಎರಡೂ ಆಗುವ ಕೈಪಟ್ಟಿ ಉಚಿತವಾಗಿ ಕೊಡುತ್ತಿದ್ದರು, ಅದೂ ನಿಂತಿತು. ಹೋಟೆಲಿನಲ್ಲಿ ಉಳಿದವರಿಗೆ ಕೆಲವು ದಿನ ರಾತ್ರಿ ಹೆಚ್ಚು ಹೊತ್ತು ಪಾರ್ಕು ತೆರೆದಿಡುತ್ತಿದ್ದರು, ಅದರ ಜಾಗಕ್ಕೆ ಬೆಳಿಗ್ಗೆ ಅರ್ಧ ಗಂಟೆ ಬೇಗ ಬಿಡುವ ವ್ಯವಸ್ಥೆ ಬಂತು. ನ್ಯಾಯವಾಗಿ ಹೇಳಬೇಕಾದರೆ ಕೆಲವನ್ನು ತಿದ್ದಿಕೊಂಡಿದ್ದಾರೆ. 2018ರಲ್ಲಿ ಹೋಟೆಲ್ ಪಾರ್ಕಿಂಗಿಗೆ ಹಾಕಿದ್ದ ಶುಲ್ಕವನ್ನು 2023ರಲ್ಲಿ ತೆಗೆದರು. ಒಂದು ಪಾರ್ಕಿನಿಂದ ಇನ್ನೊಂದಕ್ಕೆ ಮಧ್ಯಾಹ್ನ ಎರಡರ ಮೊದಲು ಹೋಗಬಾರದು ಅನ್ನುವ ತಲೆಕೆಟ್ಟ ನಿಯಮ 2024ರ ಜನವರಿಯಲ್ಲಿ ಹೋಯಿತು. ಜನ ಗಲಾಟೆ ಮಾಡಿದರೆ ಕೇಳಿಸಿಕೊಳ್ಳುತ್ತಾರೆ ಅಂತಾಯಿತು. ಆದರೆ ಲೈಟ್ನಿಂಗ್ ಲೇನ್ ವಿಷಯದಲ್ಲಿ ಕಿವಿ ಕೇಳಿಸುವುದಿಲ್ಲ.

ಯಾಕೆ ಅಂದರೆ, ಇಡೀ ಕಂಪನಿಯನ್ನು ಹೊತ್ತು ನಿಂತಿರುವುದು ಪಾರ್ಕುಗಳು. 2019ರಲ್ಲಿ ಡಿಸ್ನಿ ಪ್ಲಸ್ ಶುರು ಮಾಡಿದರು. ಅದರಲ್ಲಿ ವರ್ಷಗಟ್ಟಲೆ ನಷ್ಟ. 2022ರಲ್ಲಿ ಒಂದೇ ತ್ರೈಮಾಸಿಕದಲ್ಲಿ ಸ್ಟ್ರೀಮಿಂಗ್ ನಷ್ಟ ಸುಮಾರು 150 ಕೋಟಿ ಡಾಲರ್. ಆ ತೂತು ತುಂಬಿದ್ದು ಯಾರು? ಪಾರ್ಕು, ಹೋಟೆಲು, ಹಡಗು ಸೇರಿದ ವಿಭಾಗ 2024ರಲ್ಲಿ 900 ಕೋಟಿ ಡಾಲರಿಗೂ ಜಾಸ್ತಿ ಲಾಭ ತಂದಿತು. ಇಡೀ ಕಂಪನಿಯ ಅರ್ಧಕ್ಕಿಂತ ಹೆಚ್ಚು. ಅದೇ ಹೊತ್ತಿಗೆ ಈ ಉದ್ಯಮದವರ ಅಂದಾಜಿನ ಪ್ರಕಾರ ಮ್ಯಾಜಿಕ್ ಕಿಂಗ್‌ಡಮ್‌ಗೆ ಬಂದವರು 2019ರಲ್ಲಿ ಸುಮಾರು 2 ಕೋಟಿ 9 ಲಕ್ಷ, 2023ರಲ್ಲಿ ಸುಮಾರು 1 ಕೋಟಿ 77 ಲಕ್ಷ. ಜನ ಕಡಿಮೆ, ದುಡ್ಡು ಜಾಸ್ತಿ. ಒಬ್ಬೊಬ್ಬರಿಂದ ಎಷ್ಟು ಹಿಂಡುತ್ತಿದ್ದಾರೆ ಅಂತ ನೀವೇ ಲೆಕ್ಕ ಹಾಕಿ.

ಹಿಂಡುವುದಕ್ಕೂ ಒಂದು ಮಿತಿ ಇದೆ ಅಂತ ಅವರಿಗೂ ಒಮ್ಮೆ ಗೊತ್ತಾಯಿತು. ಸ್ಟಾರ್ ವಾರ್ಸ್ ಹೆಸರಿನಲ್ಲಿ ಒಂದು ಹೋಟೆಲ್ ಕಟ್ಟಿದರು. ಎರಡು ರಾತ್ರಿ, ಇಬ್ಬರಿಗೆ, ಸುಮಾರು 4,800 ಡಾಲರಿನಿಂದ ಶುರು. ನಮ್ಮ ಲೆಕ್ಕದಲ್ಲಿ ನಾಲ್ಕು ಲಕ್ಷದ ಮೇಲೆ. 2022ರ ಮಾರ್ಚಿನಲ್ಲಿ ತೆರೆಯಿತು, 2023ರ ಸೆಪ್ಟೆಂಬರಿನಲ್ಲಿ ಮುಚ್ಚಿತು.

ಇನ್ನು ಗುಣಮಟ್ಟ. ಹಿಂದೆ ಎಲ್ಲ ಚಿನ್ನ, ಈಗ ಎಲ್ಲ ಹಿತ್ತಾಳೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅಲ್ಲಿಯ ಇನ್ನೊಂದು ಪಾರ್ಕು ಅನಿಮಲ್ ಕಿಂಗ್‌ಡಮ್‌ನಲ್ಲಿ ಎಕ್ಸ್‌ಪೆಡಿಶನ್ ಎವರೆಸ್ಟ್ ಅಂತ ಒಂದು ರೋಲರ್ ಕೋಸ್ಟರ್ ಇದೆ, 2006ರದ್ದು. ಕೊನೆಯಲ್ಲಿ ದೈತ್ಯ ಹಿಮಮಾನವ ಮೈಮೇಲೆ ಬಂದ ಹಾಗೆ ಕೈ ಬೀಸಬೇಕು. ತೆರೆದ ಕೆಲವೇ ತಿಂಗಳಲ್ಲಿ ಅದು ಕೆಟ್ಟು ನಿಂತಿತು. ಅಲ್ಲಾಡುವ ಹಾಗೆ ಕಾಣಲಿ ಅಂತ ಮಿನುಗುವ ಲೈಟ್ ಹಾಕಿದರು. ವರ್ಷಗಟ್ಟಲೆ ಅದೇ ಕಥೆ. ಜನ ಅದಕ್ಕೆ ಡಿಸ್ಕೋ ಯೆತಿ ಅಂತ ಹೆಸರಿಟ್ಟರು! ಅಂದರೆ ರಿಪೇರಿಯ ಉದಾಸೀನ ನಿನ್ನೆ ಮೊನ್ನೆ ಶುರುವಾದದ್ದಲ್ಲ. ಇತ್ತ 2022ರ ಕಾಸ್ಮಿಕ್ ರಿವೈಂಡ್, 2023ರ ಟ್ರಾನ್ ಎರಡೂ ಒಳ್ಳೆಯ ರೈಡುಗಳು. 2019ರಿಂದ ಹೋಟೆಲು ಮತ್ತು ಪಾರ್ಕುಗಳ ನಡುವೆ ತೊಟ್ಟಿಲ ಹಾಗೆ ತೂಗುತ್ತಾ ಹೋಗುವ ಕೇಬಲ್ ಕಾರ್ ಇದೆ, ಅದಕ್ಕೆ ಒಂದು ಪೈಸೆ ಇಲ್ಲ. ಹೊರಗಿನ ತಿಂಡಿಯನ್ನೂ ಒಳಗೆ ಬಿಡುತ್ತಾರೆ. ನಮ್ಮ ಕಡೆಯ ಪಾರ್ಕುಗಳಲ್ಲಿ ಗೇಟಿನಲ್ಲೇ ಡಬ್ಬಿ ತೆಗೆದಿಡಿಸುತ್ತಾರಲ್ಲ, ಅಲ್ಲಿ ಹಾಗಿಲ್ಲ. ಗಾಜಿನ ಬಾಟಲಿ, ಹೆಂಡ ಬೇಡ, ಅಷ್ಟೇ. ಚಪಾತಿ ಪಲ್ಯ ಕಟ್ಟಿಕೊಂಡು ಧೈರ್ಯವಾಗಿ ಹೋಗಿ. ಕೌಂಟರಿನಲ್ಲಿ ಕೇಳಿದರೆ ಐಸ್ ಹಾಕಿದ ನೀರು ಉಚಿತ.

ನನಗೆ ಬೇಸರವಾದದ್ದು ನದಿಯ ವಿಷಯ. ಮ್ಯಾಜಿಕ್ ಕಿಂಗ್‌ಡಮ್ ಒಳಗೆ ಒಂದು ಕೃತಕ ನದಿ ಇತ್ತು. 1971ರಿಂದ ಅದರಲ್ಲಿ ಹಬೆಯ ದೋಣಿ ಓಡುತ್ತಿತ್ತು. ನಡುವೆ ಒಂದು ದ್ವೀಪ, ತೆಪ್ಪದಲ್ಲಿ ದಾಟಬೇಕು. ಆಚೆ ಗುಹೆ, ಮರದ ಕೋಟೆ. ಮಕ್ಕಳು ಬೇಕಾದ ಹಾಗೆ ಓಡಬಹುದು, ದೊಡ್ಡವರು ನೆರಳಲ್ಲಿ ಕೂರಬಹುದು. ಫೋನ್ ಬೇಡ, ಬುಕಿಂಗ್ ಬೇಡ. 2025ರ ಜುಲೈಯಲ್ಲಿ ಅದನ್ನೆಲ್ಲ ಮುಚ್ಚಿದರು. ಆ ಜಾಗಕ್ಕೆ ಕಾರ್ಸ್ ಸಿನಿಮಾದ ರೈಡುಗಳು ಬರುತ್ತವೆ. ಹೊಸ ರೈಡು ಬೇಕು, ಒಪ್ಪುತ್ತೇನೆ. ಇಡೀ ಡಿಸ್ನಿ ವರ್ಲ್ಡ್‌ನ ಜಾಗ ಸುಮಾರು 25 ಸಾವಿರ ಎಕರೆ. ಅಷ್ಟಿದ್ದೂ ಕೂರುವ ಜಾಗಕ್ಕೇ ಕೈ ಹಾಕಬೇಕಿತ್ತಾ? ಕೂತವನಿಂದ ದುಡ್ಡು ಹುಟ್ಟುವುದಿಲ್ಲ, ಅದಕ್ಕೇ ಇರಬೇಕು.

ಇನ್ನು ಫೋನಿನ ಕಾಟ. ಡಿಸ್ನಿ ಹೋಟೆಲಿನಲ್ಲಿ ಉಳಿದವರು ಏಳು ದಿನ ಮೊದಲು, ಹೊರಗಿನವರು ಮೂರು ದಿನ ಮೊದಲು ಪಾಸ್ ಬುಕ್ ಮಾಡಬಹುದು. ಅದೂ ಬೆಳಿಗ್ಗೆ ಬೇಗ ಕೂತು, ಬೆರಳು ಸಿದ್ಧವಾಗಿಟ್ಟುಕೊಂಡು. ರಜೆಗೆ ಹೋದ ಮಗ ಆಫೀಸಿನ ಹಾಗೆಯೇ ಸ್ಕ್ರೀನ್ ನೋಡುತ್ತಾ ನಡೆಯುತ್ತಾನೆ, ಅಪ್ಪ ಅಮ್ಮ ಹಿಂದೆ ಹಿಂದೆ.

"ಹಾಗಾದರೆ ಪಕ್ಕದ ಯೂನಿವರ್ಸಲ್‌ಗೆ ಹೋಗುವುದಾ?" ಅದು ಬೇರೆ ಕಂಪನಿ. 2025ರ ಮೇ 22ರಂದು ಅವರ ಎಪಿಕ್ ಯೂನಿವರ್ಸ್ ಅನ್ನುವ ಪಾರ್ಕು ತೆರೆದಿದೆ. ಹದಿಹರೆಯದ ಮಕ್ಕಳಿದ್ದರೆ ಹೋಗಿ. ಬೇಗದ ಸಾಲಿಗೆ ದುಡ್ಡು ಕೀಳುವುದರಲ್ಲಿ ಅವರೂ ಸಾಧುಗಳಲ್ಲ. ಡಿಸ್ನಿಗೆ ಪೈಪೋಟಿ ಬಂತಲ್ಲ ಅನ್ನುವುದಷ್ಟೇ ನನಗೆ ಖುಷಿ.

ಬದಿಯಡ್ಕದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವ ಮಗನಿಗೆ ನಾನು ಹೇಳುವುದು ಇಷ್ಟು. ಕ್ರಿಸ್‌ಮಸ್ ವಾರ ಬಿಟ್ಟುಬಿಡು. ಜುಲೈ ಬೇಡ, ಅಲ್ಲಿಯ ಸೆಕೆ ನಮ್ಮ ಮೇ ತಿಂಗಳಿಗೆ ಕಡಿಮೆಯಿಲ್ಲ, ಮಧ್ಯಾಹ್ನ ಗುಡುಗು ಬಂದರೆ ಹೊರಗಿನ ರೈಡೆಲ್ಲ ನಿಲ್ಲಿಸುತ್ತಾರೆ. ನಾಲ್ಕೂ ಪಾರ್ಕು ತೋರಿಸಲೇಬೇಕು ಅನ್ನುವ ಹಟ ಬೇಡ. ಒಂದೇ ದಿನ ಅಂದರೆ ಎಪ್ಕಾಟ್ ಸಾಕು. ಕೆರೆಯ ಸುತ್ತ 11 ದೇಶಗಳ ಬೀದಿ ಕಟ್ಟಿದ್ದಾರೆ. ನಮ್ಮ ದೇಶ ಅದರಲ್ಲಿ ಇಲ್ಲ, ಅಮ್ಮ ಖಂಡಿತ ಕೇಳುತ್ತಾರೆ, ಉತ್ತರ ರೆಡಿ ಇಟ್ಟುಕೋ. ಭಾರತದ ಥರದ್ದು ಬೇಕಿದ್ದರೆ ಅನಿಮಲ್ ಕಿಂಗ್‌ಡಮ್‌ನಲ್ಲಿ ಆನಂದಪುರ ಅಂತ ಒಂದು ಕಟ್ಟುಕಥೆಯ ಊರಿದೆ. ಗೋಡೆಗೆ ಬಣ್ಣ ಮಾಸಿದ ಹಾಗೆ ಬೇಕಂತಲೇ ಮಾಡಿದ್ದಾರೆ. ಮಾಸಿದ ಗೋಡೆ ನೋಡಲು ಅಷ್ಟು ದುಡ್ಡು ಕೊಟ್ಟದ್ದು ಅಪ್ಪನಿಗೆ ಗೊತ್ತಾಗದಿದ್ದರೆ ಒಳ್ಳೆಯದು.

ಹೋಗಿ ಬಂದವರು ಬೇರೆ ಥರ ಹೇಳುವುದಿದ್ದರೆ ಕೆಳಗೆ ಬರೆಯಿರಿ. ಟಿಕೆಟ್ ರೇಟು ಸಮೇತ ಬರೆಯಿರಿ. ಸುಮ್ನೆ "ಸೂಪರ್" ಅಂತ ಬರೆದರೆ ಯಾರಿಗೂ ಪ್ರಯೋಜನವಿಲ್ಲ.